ಕುಡಿದು ಓಡಿಸಿ ಡಿಎಲ್ ಸಸ್ಪೆಂಡ್ ಆದ್ರೆ ವಾಪಸ್ ತಗೊಳ್ಳೋದು ಹೇಗೆ

ಹೋದ ವರ್ಷ ನಮ್ಮಣ್ಣನ ಡಿಎಲ್ ಮೂರು ತಿಂಗಳು ಸಸ್ಪೆಂಡ್ ಆಗಿತ್ತು, ಡ್ರಿಂಕ್ ಅಂಡ್ ಡ್ರೈವ್ ಕೇಸು. ಅವನು ಟಾಟಾ ಏಸ್ ಇಟ್ಕೊಂಡು ಮಾರ್ಕೆಟ್‌ಗೆ ತರಕಾರಿ ಲೋಡ್ ಹೊಡೀತಾನೆ, ಮನೆ ನಡೆಯೋದೇ ಅದರಿಂದ. ಕೋರ್ಟು, ಆರ್‌ಟಿಓ, ಆಸ್ಪತ್ರೆ ಅಂತ ಮೂರೂ ಕಡೆ ಅವನ ಜೊತೆ ಅಲೆದಿದ್ದು ನಾನು, ಆಗ ಸರಿಯಾಗಿ ಹೇಳೋರು ಒಬ್ಬರೂ ಸಿಗ್ಲಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಎಲ್ಲರೂ ಎಡವೋದು ಒಂದೇ ಕಡೆ. ಕೋರ್ಟಲ್ಲಿ ದಂಡ ಕಟ್ಟಿ ರಸೀದಿ ತಗೊಂಡು ಗಾಡಿ ಬಿಡಿಸ್ಕೊಂಡ್ರೆ ಕೇಸು ಮುಗೀತು ಅನ್ಕೋತಾರೆ. ಮುಗಿದಿರಲ್ಲ. ಕೋರ್ಟಿನ ದಂಡ ಮೋಟಾರು ವಾಹನ ಕಾಯ್ದೆ ಸೆಕ್ಷನ್ 185ರದ್ದು, ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದ್ರೆ ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಡಿಎಲ್ ಸಸ್ಪೆಂಡ್ ಮಾಡೋದು ಸೆಕ್ಷನ್ 19, ಅದು ಆರ್‌ಟಿಓ ಕೆಲಸ, ಅದರ ಫೈಲೇ ಬೇರೆ. ಪೊಲೀಸ್ರು ಡಿಎಲ್ ತಗೊಂಡು ಆರ್‌ಟಿಓಗೆ ಕಳಿಸ್ತಾರೆ, ಡಿಎಲ್ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ಇಸ್ಕೊಳ್ಳಿ, ಆ ಚೀಟಿ ಕೊನೇವರೆಗೂ ಬೇಕಾಗತ್ತೆ.

ಆಮೇಲೆ ಆರ್‌ಟಿಓದಿಂದ ಯಾಕೆ ಸಸ್ಪೆಂಡ್ ಮಾಡಬಾರದು ಅಂತ ಕೇಳಿ ನೋಟಿಸ್ ಬರತ್ತೆ. ನಿಮ್ಮ ಮಾತು ಕೇಳದೆ ಸಸ್ಪೆಂಡ್ ಮಾಡೋ ಹಾಗಿಲ್ಲ ಅಂತ ಕಾನೂನಲ್ಲೇ ಇದೆ. ಆದ್ರೆ ನೋಟಿಸ್ ಹೋಗೋದು ಡಿಎಲ್‌ನಲ್ಲಿರೋ ಅಡ್ರೆಸ್‌ಗೆ. ನಮ್ಮಣ್ಣಂದು ಹಳೇ ಬಾಡಿಗೆ ಮನೆ ಅಡ್ರೆಸ್ ಇತ್ತು, ಕವರ್ ಅಲ್ಲಿ ಯಾರದೋ ಕಿಟಕಿ ಮೇಲೆ ಹತ್ತು ದಿನ ಬಿದ್ದಿತ್ತು, ಆ ಮನೆಯವರು ಒಳ್ಳೆಯವರು, ಫೋನ್ ಮಾಡಿ ಕೊಟ್ರು. ನಿಮ್ಮದೂ ಹಳೇ ಅಡ್ರೆಸ್ ಆಗಿದ್ರೆ ನೋಟಿಸ್ ಬರ್ಲಿ ಅಂತ ಕಾಯ್ಬೇಡಿ, ನೀವೇ ಆರ್‌ಟಿಓಗೆ ಹೋಗಿ ವಿಚಾರಿಸಿ, ಸರ್ಕಾರದ ಪರಿವಾಹನ್ ಸೈಟಲ್ಲಿ ಡಿಎಲ್ ನಂಬರ್ ಹಾಕಿ ಸ್ಟೇಟಸ್ಸೂ ನೋಡ್ತಾ ಇರಿ. ಕಾರ್ಡು ನಿಮ್ಮ ಜೇಬಲ್ಲೇ ಇದ್ರೂ ಸಿಸ್ಟಮ್ಮಲ್ಲಿ ಸಸ್ಪೆಂಡ್ ಆಗಿರಬಹುದು.

ನೋಟಿಸ್‌ಗೆ ಉತ್ತರ ಬರಹದಲ್ಲೇ ಕೊಡಿ, ಒಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಕುಡಿದೇ ಇರಲಿಲ್ಲ, ಮೆಷಿನ್ ತಪ್ಪು ಅಂತೆಲ್ಲ ಸುಳ್ಳು ಬರೆಯೋಕೆ ಹೋಗ್ಬೇಡಿ, ಮೊದಲೇ ಕೋರ್ಟಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿರ್ತೀರ. ಯಾವ ದಿನ ಏನಾಯ್ತು, ದಂಡ ಕಟ್ಟಿದ ರಸೀದಿ, ಹಿಂದೆ ಯಾವ ಕೇಸೂ ಇಲ್ಲ ಅನ್ನೋದು, ಕುಡಿತಕ್ಕೆ ಚಿಕಿತ್ಸೆ ಶುರು ಮಾಡಿದ್ರೆ ಅದರ ಓಪಿಡಿ ಬುಕ್ ಜೆರಾಕ್ಸ್, ಇಷ್ಟು ಸಾಕು. ಚಿಕಿತ್ಸೆ ಚೀಟಿ ನೋಡಿದ ಕೂಡ್ಲೆ ಬಿಟ್ಬಿಡ್ತಾರೆ ಅಂತಲ್ಲ, ಅಣ್ಣನಿಗೂ ಮೂರು ತಿಂಗಳು ಬಿದ್ದೇ ಬಿತ್ತು. ಆದ್ರೆ ಸೆಕ್ಷನ್ 19ರಲ್ಲಿ ಕುಡಿತದ ಚಟ ಇರೋನು ಅನ್ನೋದೇ ಒಂದು ಪ್ರತ್ಯೇಕ ಕಾರಣ, ಅದನ್ನ ನಿಮ್ಮ ಮೇಲೆ ಹಾಕಬಾರದು ಅಂದ್ರೆ ಚಿಕಿತ್ಸೆ ತಗೋತಿರೋದಕ್ಕೆ ಕೈಯಲ್ಲಿ ಕಾಗದ ಇರಬೇಕು. ಆದೇಶ ಅನ್ಯಾಯ ಅನ್ಸಿದ್ರೆ ಅದು ಕೈಗೆ ಬಂದ 30 ದಿನದೊಳಗೆ ಅಪೀಲು ಹಾಕ್ಬಹುದು.

ಆದೇಶದಲ್ಲಿ ಯಾವ ತಾರೀಕಿಂದ ಯಾವ ತಾರೀಕಿನವರೆಗೆ ಅಂತ ಇರತ್ತೆ, ಅದನ್ನ ಸರಿಯಾಗಿ ಓದಿ, ಪೊಲೀಸ್ರು ಹಿಡಿದ ದಿನದಿಂದ ಲೆಕ್ಕ ಹಾಕ್ಕೊಂಡು ಗಾಡಿ ತೆಗೆದುಬಿಟ್ಟೀರ. ಆ ಅವಧಿಯಲ್ಲಿ ಪಕ್ಕದ ಬೀದಿಗೆ ಹಾಲು ತರೋಕೂ ಓಡಿಸ್ಬೇಡಿ. ಸಿಕ್ಕಿದ್ರೆ ಸೆಕ್ಷನ್ 182, ಮೂರು ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ, ಆಕ್ಸಿಡೆಂಟ್ ಆದ್ರಂತೂ ಇನ್ಶೂರೆನ್ಸ್‌ನವರು ಕೈ ಎತ್ತಬಹುದು, ಇಲ್ಲಾ ಎದುರಿನವರಿಗೆ ಕೊಟ್ಟು ನಿಮ್ಮಿಂದ ವಸೂಲಿ ಮಾಡ್ಬಹುದು, ಮನೆ ಮಠ ಮಾರ್ಬೇಕಾಗತ್ತೆ. ಒಬ್ಬ ಏಜೆಂಟ್ ಬಂದು ಕಳೆದುಹೋಗಿದೆ ಅಂತ ಡೂಪ್ಲಿಕೇಟ್ ಡಿಎಲ್ ಮಾಡಿಸೋಣ ಅಂದ, ಅಣ್ಣ ಇನ್ನೇನು ದುಡ್ಡು ಕೊಡೋದ್ರಲ್ಲಿದ್ದ. ಅನರ್ಹ ಆಗಿರೋವಾಗ ವಿಷಯ ಮುಚ್ಚಿಟ್ಟು ಲೈಸೆನ್ಸ್‌ಗೆ ಅರ್ಜಿ ಹಾಕೋದೂ ಅದೇ 182ರ ಕೆಳಗೆ ಅಪರಾಧ.

ಹಂಗಾದ್ರೆ ಮೂರು ತಿಂಗಳು ಹೊಟ್ಟೆಪಾಡು? ನಾವು ಚಿಕ್ಕಪ್ಪನ ಮಗನ್ನ ಡ್ರೈವರ್ ಆಗಿ ಹಾಕ್ಕೊಂಡ್ವಿ. ಅವನದು ಮಾಮೂಲಿ ಎಲ್‌ಎಂವಿ, ಅಂದ್ರೆ ಕಾರಿನಂಥ ಲಘು ವಾಹನದ ಲೈಸೆನ್ಸು, 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಅದೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಣ್ಣ ಪಕ್ಕದ ಸೀಟಲ್ಲಿ ಕೂತು ಲೋಡಿಂಗ್ ನೋಡ್ಕೋತಿದ್ದ. ಮೊದಲ ದಿನ ನಾನೂ ಹಿಂದೆ ಬೈಕಲ್ಲಿ ಹೋಗಿದ್ದೆ, ಮಾರ್ಕೆಟ್ ಹತ್ರ ನಿಲ್ಲಿಸಿದಾಗ ನೋಡಿದ್ರೆ ಪ್ರತಿ ಹಂಪ್ ಬಂದಾಗ್ಲೂ ಇಲ್ಲದ ಬ್ರೇಕ್ ಒತ್ತಿ ಒತ್ತಿ ಅವನ ಬಲಗಾಲ ಚಪ್ಪಲಿ ಕೆಳಗಿನ ಮ್ಯಾಟ್ ಮಡಚಿ ಹೋಗಿತ್ತು.

ಈಗ ಮುಖ್ಯವಾದ ವಿಷಯ. ಎರಡನೇ ಸಲ ಸಿಕ್ಕಿಬಿದ್ರೆ ಸಸ್ಪೆಂಡ್ ಅಲ್ಲ, ಡಿಎಲ್ಲೇ ರದ್ದು, ಕೋರ್ಟಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ 15,000 ದಂಡ ಅಥವಾ ಎರಡೂ. ಆದ್ದರಿಂದ ಈ ಮೂರು ತಿಂಗಳಲ್ಲಿ ಆರ್‌ಟಿಓ ಕೆಲಸಕ್ಕಿಂತ ಕುಡಿತದ ಕೆಲಸ ದೊಡ್ಡದು. ಅಣ್ಣ ಸಿಕ್ಕಿದ್ದು ರಾತ್ರಿ ಅಲ್ಲ, ಬೆಳಗ್ಗೆ ಐದೂವರೆಗೆ, ಹಿಂದಿನ ರಾತ್ರಿ ಹನ್ನೊಂದರವರೆಗೆ ಕುಡಿದು ಮಲಗಿ ಎದ್ದು ಸ್ನಾನ ಮಾಡಿ ವಿಭೂತಿ ಇಟ್ಕೊಂಡು ಹೊರಟಿದ್ದ. ಒಂದು ಕ್ವಾರ್ಟರ್ ಅಂದ್ರೆ 180 ಎಂಎಲ್, ಆರು ಪೆಗ್ಗು, ಒಂದೊಂದು ಪೆಗ್ಗು ಮೈಯಿಂದ ಇಳಿಯೋಕೆ ಒಂದು ಗಂಟೆ ಅಥವಾ ಅದಕ್ಕೂ ಜಾಸ್ತಿ ಹಿಡಿಯತ್ತೆ. ಕಾಫಿ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಅದನ್ನ ಬೇಗ ಇಳಿಸಲ್ಲ.

ದಿನಾ ಕುಡಿಯೋರು ದಯವಿಟ್ಟು ಮನೇಲೇ ಒಂದೇ ಏಟಿಗೆ ನಿಲ್ಲಿಸ್ಬೇಡಿ. ಅಣ್ಣ ಕೋರ್ಟಿಂದ ಬಂದ ದಿನ ಅಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ನಿಲ್ಲಿಸಿದ. ಮಾರನೇ ದಿನ ಟೀ ಲೋಟ ಎರಡೂ ಕೈಲಿ ಹಿಡಿದ್ರೂ ಚೆಲ್ತಿತ್ತು, ಬೆವರು, ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಒರೆಸಿ ಅಂತ ಅತ್ತಿಗೆಗೆ ಹೇಳ್ತಾನೆ, ಗೋಡೆ ಮೇಲೆ ಏನೂ ಇಲ್ಲ. ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು, ಜೀವನೂ ಹೋಗಬಹುದು ಅಂತ ಡಾಕ್ಟ್ರು ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು. ಮಾತ್ರೆ ಕೊಟ್ಟು, ವಿಟಮಿನ್ ಬಿ1 ಇಂಜೆಕ್ಷನ್ ಹಾಕಿ, ಅಡ್ಮಿಟ್ ಮಾಡ್ಕೊಂಡು ನಿಧಾನವಾಗಿ ಇಳಿಸಿದ್ರು. ನಿಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಿ, ಬೆಂಗಳೂರಾದ್ರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ, ಎಲ್ಲಿಗೆ ಹೋಗೋದು ಗೊತ್ತಾಗದಿದ್ರೆ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ವ್ಯಸನಕ್ಕೇ ಅಂತ 14446 ಕೂಡ ಇದೆ. ಊಟದಲ್ಲಿ ಗೊತ್ತಾಗದ ಹಾಗೆ ಪುಡಿ ಬೆರೆಸಿ ಕುಡಿತ ಬಿಡಿಸ್ತೀವಿ ಅನ್ನೋ ಜಾಹೀರಾತು ನಂಬ್ಬೇಡಿ, ಅದರ ಮೇಲೆ ಅವರು ಕುಡಿದ್ರೆ ಪ್ರಾಣಕ್ಕೇ ಅಪಾಯ ಆಗಬಹುದು, ಅತ್ತಿಗೆ ತರಿಸಿದ್ದ ಪೊಟ್ಟಣನ ನಾನೇ ಬಚ್ಚಲಿಗೆ ಸುರಿದೆ. ಡಿಸ್ಚಾರ್ಜ್ ಆದ ಮೇಲೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗೋ, ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರನೋ, ನಿಮಗೆ ಹೊಂದೋದು ಯಾವುದೋ ಅದಕ್ಕೆ ಹೋಗಿ, ಒಬ್ಬರೇ ಇರಬೇಡಿ ಅಷ್ಟೇ.

ಕೊನೇದು ರಿಫ್ರೆಶರ್ ಟ್ರೈನಿಂಗ್, ಅಂದ್ರೆ ಡ್ರೈವರ್‌ಗಳಿಗೆ ಮತ್ತೊಮ್ಮೆ ಕೊಡೋ ತರಬೇತಿ. 2019ರ ತಿದ್ದುಪಡಿ ಆದ್ಮೇಲೆ ಬರೀ ದಿನ ಕಳೆದ್ರೆ ಡಿಎಲ್ ವಾಪಸ್ ಬರಲ್ಲ, ಈ ತರಬೇತಿ ಮುಗಿಸಿರಬೇಕು. ಎಲ್ಲಿ ಮಾಡಿದ್ರೆ ಒಪ್ತೀರ ಅಂತ ನಿಮ್ಮ ಆರ್‌ಟಿಓದಲ್ಲೇ ಕೇಳಿ, ಅವಧಿ ಮುಗಿಯೋಕೆ ಮುಂಚೆನೇ ಕೇಳಿ, ಇಲ್ಲಾಂದ್ರೆ ಮೂರು ತಿಂಗಳು ನಾಲ್ಕಾಗತ್ತೆ. ಇದೇ ಹೊತ್ತಲ್ಲಿ ಡಿಎಲ್ ವ್ಯಾಲಿಡಿಟಿನೂ ನೋಡ್ಕೊಳ್ಳಿ, ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡ್ಬೇಕು. ಸಸ್ಪೆನ್ಶನ್ ಆದೇಶ, ಕೋರ್ಟ್ ರಸೀದಿ, ಪೊಲೀಸ್ ಸ್ವೀಕೃತಿ, ಟ್ರೈನಿಂಗ್ ಸರ್ಟಿಫಿಕೇಟ್, ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಕೊಂಡು ಹೋಗಿ ಅರ್ಜಿ ಕೊಡಿ.

ಕಾರ್ಡು ಕೈಗೆ ಬಂದ ತಕ್ಷಣ ಗಾಡಿ ಹತ್ತಬೇಡಿ, ಸಿಸ್ಟಮ್ಮಲ್ಲಿ ಬದಲಾಗಿದೆಯಾ ನೋಡಿ. ನಮಗೆ ಕಾರ್ಡು ಕೊಟ್ಟ ಮೇಲೂ ನಾಲ್ಕು ದಿನ ಸೈಟಲ್ಲಿ ಸಸ್ಪೆಂಡ್ ಅಂತಲೇ ಇತ್ತು, ಇನ್ನೊಂದು ಸಲ ಹೋಗಿ ಕೇಳಿ ಸರಿ ಮಾಡಿಸ್ಕೊಂಡು ಬಂದ್ವಿ, ಅಲ್ಲಿವರೆಗೂ ಕೀ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲೇ ಇತ್ತು. ಐದನೇ ದಿನ ಬೆಳಗ್ಗೆ ಅಣ್ಣನೇ ಫೋನ್ ಮಾಡಿ, ಆಕ್ಟಿವ್ ಅಂತ ತೋರಿಸ್ತಿದೆ ಕಣೋ, ಪ್ರಿಂಟ್ ತೆಗೆಸ್ಕೊಂಡು ಬಾ, ಗಾಡೀಲಿಟ್ಕೋತೀನಿ ಅಂದ.