ವಲಸೆ ಬಂದ ಕುಟುಂಬಕ್ಕೆ ವಾರ್ಡ್‌ನಲ್ಲೊಂದು ನೆಲೆ: ನಾವು ಕೆಲಸ ಮಾಡುವ ರೀತಿ

ಬೆಂಗಳೂರಿಗೆ ದುಡಿಯಲು ಬರುವ ಕುಟುಂಬಕ್ಕೆ ಯೋಜನೆಗಳ ಕೊರತೆಯೇನೂ ಇಲ್ಲ. ರೇಷನ್ ಒಂದು ಇಲಾಖೆಯದ್ದು, ಅಂಗನವಾಡಿ ಇನ್ನೊಂದರದ್ದು, ಶಾಲೆ, ಲಸಿಕೆ, ಲೇಬರ್ ಕಾರ್ಡ್ ಒಂದೊಂದೂ ಬೇರೆ ಬೇರೆಯವರದ್ದು. ಇಲ್ಲದಿರುವುದು ಒಂದು ಬಾಗಿಲಿಂದ ಮುಂದಿನ ಬಾಗಿಲಿಗೆ ದಾರಿ ತೋರಿಸುವವರು. ಮುನ್ನೇಕೊಳಾಲು, ತುಬರಹಳ್ಳಿ ಕಡೆಯ ಶೆಡ್‌ಗಳಲ್ಲೂ ಪೀಣ್ಯದ ಗಾರ್ಮೆಂಟ್ಸ್ ಹಾಸ್ಟೆಲ್‌ಗಳಲ್ಲೂ ಸಹಾಯ ಕೇಂದ್ರ ಅಂತ ನಾವು ನಡೆಸುವುದು ಮುಖ್ಯವಾಗಿ ಈ ಕೆಲಸವನ್ನೇ. ಇದೇ ಕೆಲಸಕ್ಕೆ ಇಳಿಯುವ ಸಂಘ, ಅಪಾರ್ಟ್‌ಮೆಂಟ್ ಗುಂಪು, ಕಾಲೇಜು ಎನ್ನೆಸ್ಸೆಸ್ ಘಟಕಗಳಿಗೆ ಉಪಯೋಗವಾಗಲಿ ಎಂದು ಕ್ರಮವನ್ನು ಬರೆದಿಟ್ಟಿದ್ದೇವೆ.

ಮೊದಲು ಸಹಭಾಗಿತ್ವದ ಮಾತು. ದೊಡ್ಡ ಸಾಹೇಬರ ಕಚೇರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಂಡು ಶುರು ಮಾಡುವವರಿದ್ದಾರೆ. ಸಾಹೇಬರ ವರ್ಗಾವಣೆಯಾದ ದಿನ ಆ ಒಪ್ಪಂದವೂ ಎದ್ದು ಹೋಗುತ್ತದೆ. ನಾವು ಹಿಡಿಯುವುದು ಕೆಳಗಿನ ಐದಾರು ಜನರನ್ನು: ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್, ಸುತ್ತಲಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿ, ನ್ಯಾಯಬೆಲೆ ಅಂಗಡಿಯವರು, ಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರ್. ಇವರು ನೆಮ್ಮದಿಯಿಂದ ಕೆಲಸ ಮಾಡಲು ಮೇಲಿಂದ ಬೇಕಾಗುವುದು ಒಂದೇ ಪುಟದ ಪತ್ರ. ಅಂಗನವಾಡಿಗಳ ಮೇಲಿನ ಅಧಿಕಾರಿಯಾದ ಸಿಡಿಪಿಒ, ಶಾಲೆಗಳ ಮೇಲಿನ ಅಧಿಕಾರಿಯಾದ ಬಿಇಒ ಮತ್ತು ಪಾಲಿಕೆಯ ಆರೋಗ್ಯಾಧಿಕಾರಿಯಿಂದ ಒಂದೊಂದು ಪತ್ರ ಪಡೆಯುತ್ತೇವೆ: "ಇಂಥ ಗುಂಪು ಇಂಥ ಬಡಾವಣೆಯಲ್ಲಿ ಸಮೀಕ್ಷೆಗೆ ನೆರವಾಗುತ್ತದೆ, ಸಿಬ್ಬಂದಿ ಸಹಕರಿಸುವುದು." ಅಷ್ಟಿದ್ದರೆ ಸಾಕು.

ವಾರ್ಡ್ ಸಮಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಕಾರ್ಪೊರೇಟರ್ ಇಲ್ಲದೆಯೇ ವಾರ್ಡ್‌ಗಳು ನಡೆದವು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾಗಿವೆ. 198 ಇದ್ದ ವಾರ್ಡ್‌ಗಳು 243 ಆಗಿ, 225 ಆಗಿ, ಮತ್ತೆ ಬದಲಾಗಿವೆ. ಹೀಗಾಗಿ ಯಾವ ಅರ್ಜಿಯಲ್ಲೂ ವಾರ್ಡ್ ಸಂಖ್ಯೆಯೊಂದನ್ನೇ ನಂಬಬೇಡಿ. ಪಿನ್‌ಕೋಡ್, ಎದುರಿನ ಅಪಾರ್ಟ್‌ಮೆಂಟ್ ಅಥವಾ ದೇವಸ್ಥಾನದ ಹೆಸರು, ಜಾಗದ ಮಾಲೀಕರ ಸರ್ವೆ ನಂಬರ್ ಮೂರನ್ನೂ ಬರೆಯಿರಿ. ಸಂಖ್ಯೆ ತಪ್ಪಿತೆಂದು ಅರ್ಜಿ ಇನ್ನೊಂದು ಕಚೇರಿಗೆ ಹೋಗಿ ಅಲ್ಲೇ ಮಲಗುವುದು ಮಾಮೂಲು.

ಸಮೀಕ್ಷೆಗೆ ಭಾನುವಾರ ಬೆಳಿಗ್ಗೆ ಅಥವಾ ಸಂಜೆ 7ರ ಮೇಲೆ ಹೋಗಬೇಕು. ಮೇಸ್ತ್ರಿಗೆ ತಿಳಿಸಿಯೇ ಹೋಗಬೇಕು, ಆದರೆ ಅವನು ಪಕ್ಕದಲ್ಲಿ ನಿಲ್ಲಬಾರದು. ಮುಂಗಡ ಕೊಟ್ಟವನ ಎದುರು ಯಾರೂ ಕೂಲಿಯ ನಿಜ ಲೆಕ್ಕ ಹೇಳುವುದಿಲ್ಲ. ಬರೆದುಕೊಳ್ಳುವುದು ಇಷ್ಟೇ: ಊರು, ರೇಷನ್ ಕಾರ್ಡ್ ಯಾರ ಹೆಸರಲ್ಲಿದೆ, ಕಾರ್ಡ್‌ನಲ್ಲಿರುವವರಲ್ಲಿ ಊರಲ್ಲೇ ಉಳಿದವರು ಯಾರು, 6 ವರ್ಷದೊಳಗಿನ ಮಕ್ಕಳು, 6ರಿಂದ 14ರ ಮಕ್ಕಳು, ಬಸುರಿ-ಬಾಣಂತಿಯರು, ಈಗ ಬಳಸುತ್ತಿರುವ ಮೊಬೈಲ್ ನಂಬರ್. ಆಧಾರ್ ಜೆರಾಕ್ಸ್ ತೆಗೆದುಕೊಳ್ಳುವುದಿಲ್ಲ, ಕೊನೆಯ ನಾಲ್ಕು ಅಂಕಿ ಸಾಕು. ಜಾತಿ-ಧರ್ಮದ ಕಾಲಂ ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್‌ಗಳನ್ನು ಬಾಂಗ್ಲಾದೇಶೀಯರದ್ದೆಂದು ಕೆಡವಲಾಯಿತು. ಅಲ್ಲಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳೂ ಇದ್ದವು, ಪ್ರಕರಣ ಹೈಕೋರ್ಟ್‌ವರೆಗೂ ಹೋಯಿತು. ಆ ಭಾಗದಲ್ಲಿ ಪುಸ್ತಕ-ಪೆನ್ನು ಹಿಡಿದು ಬಂದವರನ್ನು ಕಂಡರೆ ಜನ ಇವತ್ತಿಗೂ ಬಾಗಿಲು ಮುಂದೆ ಮಾಡುತ್ತಾರೆ. ಅದಕ್ಕೇ ಮೊದಲ ಭೇಟಿಗೆ ಅದೇ ಶೆಡ್ ಸಾಲಿನ ಒಬ್ಬ ಹೆಂಗಸನ್ನೋ, ಪರಿಚಯದ ಆಶಾ ಅಕ್ಕನನ್ನೋ ಕರೆದುಕೊಂಡೇ ಹೋಗುತ್ತೇವೆ.

ಮೊದಲ ಕೆಲಸ ರೇಷನ್. ಅಕ್ಕಿ ಕೈಗೆ ಬಂದ ಮೇಲೇ ಜನ ನಮ್ಮ ಉಳಿದ ಮಾತು ಕೇಳುವುದು. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಯಾವ ರಾಜ್ಯದ ಆಹಾರ ಭದ್ರತಾ ಕಾರ್ಡ್ (ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿ ಕೊಟ್ಟದ್ದು) ಇದ್ದರೂ ಇಲ್ಲಿನ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಕಾರ್ಡ್ ಊರಲ್ಲೇ ಇದ್ದರೂ ಅಡ್ಡಿಯಿಲ್ಲ, ಅದರ ನಂಬರ್ ಅಥವಾ ಆಧಾರ್ ನಂಬರ್ ಸಾಕು. ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸ ಇರಬೇಕೆಂದೂ ಇಲ್ಲ. ಇದಕ್ಕಾಗಿ ವಿಳಾಸ ಬದಲಾಯಿಸಿಕೊಡುತ್ತೇನೆಂದು ದುಡ್ಡು ಕೇಳುವ ಸೈಬರ್ ಅಂಗಡಿಯವರನ್ನು ದೂರವಿಡಿ. ಆದ್ಯತಾ ಕಾರ್ಡ್‌ಗೆ ತಲೆಗೆ 5 ಕೆಜಿ, ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕೆಜಿ. ಹೊರರಾಜ್ಯದ ಕಾರ್ಡ್‌ಗೆ ಸಿಗುವುದು ಕೇಂದ್ರದ ಪಾಲು ಮಾತ್ರ, ನಮ್ಮ ರಾಜ್ಯ ಅನ್ನಭಾಗ್ಯದಡಿ ಸೇರಿಸಿ ಕೊಡುವುದು ಅವರಿಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಪಕ್ಕದ ಯಾದಗಿರಿ ಕುಟುಂಬಕ್ಕೆ ಹೆಚ್ಚು ಕೊಟ್ಟರು, ನಮಗೆ ಮೋಸವಾಯಿತು ಎಂಬ ಜಗಳ ಗ್ಯಾರಂಟಿ. ಊರಲ್ಲಿ ಅಜ್ಜ-ಅಜ್ಜಿ ಇದ್ದರೆ ಪಾಲನ್ನು ಒಡೆದು, ಸ್ವಲ್ಪ ಅಲ್ಲಿ ಸ್ವಲ್ಪ ಇಲ್ಲಿ ಎತ್ತಲು ಅವಕಾಶವಿದೆ. ಆದರೆ ಮೊದಲು ಹೋದವರು ಪೂರ್ತಿ ಎತ್ತಿದರೆ ಇನ್ನೊಬ್ಬರಿಗೆ ಶೂನ್ಯ. ಪ್ರತಿ ತಿಂಗಳು ಊರಿಗೊಂದು ಫೋನ್ ಮಾಡಿ ಹೊಂದಿಸಿಕೊಳ್ಳಲು ಹೇಳುತ್ತೇವೆ.

ಇಲ್ಲಿ ಕೆಲಸ ಕೆಡುವುದು ಮೂರು ಕಡೆ. ಮೊದಲನೆಯದು ಬೆರಳು. ಸಿಮೆಂಟ್ ಕಲಸುವವರ, ಕಲ್ಲು ಹೊರುವವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಮತ್ತೆ ಮತ್ತೆ ಕೆಂಪು ತೋರಿಸುತ್ತದೆ. ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಚೂರು ಕೊಬ್ಬರಿ ಎಣ್ಣೆ ಸವರಿ, ಎಣ್ಣೆಯನ್ನು ಬಟ್ಟೆಯಲ್ಲಿ ತೆಗೆದು ಉಂಗುರ ಬೆರಳು ಅಥವಾ ಎಡಗೈ ಬೆರಳು ಇಡಿಸಿದರೆ ಎಷ್ಟೋ ಸಲ ಹಿಡಿಯುತ್ತದೆ. ಹಿಡಿಯದಿದ್ದರೆ ಕಾರ್ಡ್‌ನಲ್ಲಿರುವ ಇನ್ನೊಬ್ಬರನ್ನು ಕಳಿಸಬೇಕು, ಮನೆಯ ಯಾರೊಬ್ಬರ ಬೆರಳಾದರೂ ನಡೆಯುತ್ತದೆ. ಎರಡನೆಯದು ಕಾರ್ಡ್‌ನ ಬಗೆ. ಪಶ್ಚಿಮ ಬಂಗಾಳದಂಥ ಕಡೆ ರಾಜ್ಯ ಸರ್ಕಾರವೇ ತನ್ನ ಖರ್ಚಿನಲ್ಲಿ ಕೊಟ್ಟ ಕಾರ್ಡ್‌ಗಳಿವೆ, ಅವು ಹೊರಗೆ ನಡೆಯುವುದಿಲ್ಲ. ಮೇರಾ ರೇಷನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿಯೇ ಅಂಗಡಿಗೆ ಕಳಿಸಬೇಕು. ಮೂರನೆಯದು ದಾಸ್ತಾನು, ಇದೇ ದೊಡ್ಡ ತಲೆನೋವು. ಅಂಗಡಿಯವರಿಗೆ ಹಂಚಿಕೆ ಬರುವುದು ಅವರ ಸ್ವಂತ ಕಾರ್ಡ್‌ಗಳ ಲೆಕ್ಕದಲ್ಲಿ. ಹೊರಗಿನವರು ನೂರು ಜನ ಬಂದು ಎತ್ತಿದರೆ ತಿಂಗಳ ಕೊನೆಗೆ ಹಳೇ ಗಿರಾಕಿಗಳಿಗೆ ಅಕ್ಕಿ ಸಾಲದೆ ಬೈಗುಳ ಅವರ ಪಾಲಿಗೆ. ಹಾಗಾಗಿ "ಸ್ಟಾಕ್ ಇಲ್ಲ" ಎನ್ನುವ ಅಂಗಡಿಯವರೆಲ್ಲ ಕಳ್ಳರು ಎಂದುಕೊಳ್ಳಬೇಡಿ. ಯಾವ ಅಂಗಡಿಗೆ ಸುಮಾರು ಎಷ್ಟು ವಲಸೆ ಕಾರ್ಡ್ ಬರಬಹುದು ಎಂಬ ಪಟ್ಟಿಯನ್ನು ಆಹಾರ ಇನ್‌ಸ್ಪೆಕ್ಟರ್‌ಗೆ ಮುಂಚೆಯೇ ಕೊಟ್ಟು ಹೆಚ್ಚುವರಿ ಹಂಚಿಕೆ ಕೇಳುತ್ತೇವೆ. ಕುಟುಂಬಗಳನ್ನೂ ಎರಡು-ಮೂರು ಅಂಗಡಿಗಳಿಗೆ ಹಂಚುತ್ತೇವೆ. ಇಷ್ಟಾದ ಮೇಲೂ ಕೊಡದಿದ್ದರೆ 1967 ಸಹಾಯವಾಣಿಗೆ ದೂರು.

ಕಲಬುರಗಿ, ರಾಯಚೂರು ಕಡೆಯವರದ್ದು ಬೇರೆಯೇ ಅಸಮಾಧಾನ. ಊರಲ್ಲಿ ಜೋಳ ಕೊಡುತ್ತಿದ್ದರು, ಇಲ್ಲಿ ರಾಗಿ. ಅದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ. ಅಡುಗೆಗೆ ಸೌದೆ ಹುಡುಕುವವರಿಗೆ 5 ಕೆಜಿಯ ಸಣ್ಣ ಸಿಲಿಂಡರ್ ತೋರಿಸುತ್ತೇವೆ. ಅದಕ್ಕೆ ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಬೀದಿಬದಿಯಲ್ಲಿ ಕಳ್ಳ ರೀಫಿಲ್ ಮಾಡಿಸಿಕೊಳ್ಳುವ ಅಪಾಯ ತಪ್ಪುತ್ತದೆ.

ಅಂಗನವಾಡಿಗೆ ಬರೋಣ. ನಿಯಮದ ಪ್ರಕಾರ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ, 150ರಿಂದ 400ಕ್ಕೆ ಮಿನಿ ಕೇಂದ್ರ. ಶೆಡ್ ಸಾಲಿನಲ್ಲಿ ಜನ ಇದ್ದರೂ ಲೆಕ್ಕದಲ್ಲಿ ಇರುವುದಿಲ್ಲ, ಯಾಕೆಂದರೆ ಟೀಚರ್ ಸರ್ವೆ ಪಕ್ಕಾ ಮನೆಗಳಿಗೇ ನಿಂತಿರುತ್ತದೆ. ನಮ್ಮ ಪುಸ್ತಕದ ಪಟ್ಟಿ ಸಿಡಿಪಿಒ ಕೈ ಸೇರಿದ ಮೇಲೇ ಹತ್ತಿರದ ಕೇಂದ್ರಕ್ಕೆ ಆಹಾರ ಹೆಚ್ಚಿಗೆ ಬರುವುದು. ಮಗುವಿನ ಹೆಸರು ಊರಿನ ಅಂಗನವಾಡಿಯ ಪೋಷಣ್ ಟ್ರ್ಯಾಕರ್‌ನಲ್ಲಿ (ಅಂಗನವಾಡಿ ಮಕ್ಕಳ ದಾಖಲೆ ಇಡುವ ಆ್ಯಪ್) ಸಾಮಾನ್ಯವಾಗಿ ಇರುತ್ತದೆ. ಅದನ್ನು ಇಲ್ಲಿಗೆ ವರ್ಗ ಮಾಡಿಸಬೇಕೇ ಹೊರತು ಹೊಸದಾಗಿ ಸೇರಿಸಲು ಹೋಗಬಾರದು, ಅದೇ ಆಧಾರ್‌ಗೆ ಎರಡನೇ ಹೆಸರು ನಿಲ್ಲುವುದಿಲ್ಲ. ತಾಯಿಯ ಹಳೇ ಮೊಬೈಲ್ ನಂಬರ್‌ಗೆ ಒಟಿಪಿ ಹೋಗುವುದು ಇನ್ನೊಂದು ಅಡ್ಡಿ. ಸಿಮ್ ಬದಲಾಯಿಸುವುದು ಈ ಜನರಲ್ಲಿ ಸಾಮಾನ್ಯ. ಆಧಾರ್‌ಗೆ ಹೊಸ ಮೊಬೈಲ್ ಸೇರಿಸಲು ಯಾವ ದಾಖಲೆಯೂ ಬೇಡ, ಬೆರಳಚ್ಚು ಸಾಕು. ಪೋಸ್ಟ್‌ಮ್ಯಾನ್ ಕೂಡ ಅದನ್ನು ಮಾಡಿಕೊಡುತ್ತಾರೆ. ಅಂಚೆ ಕಚೇರಿಯವರನ್ನು ಒಪ್ಪಿಸಿ ಒಂದು ಭಾನುವಾರ ಶೆಡ್‌ಗೇ ಕರೆಸಿದರೆ ರೇಷನ್, ಅಂಗನವಾಡಿ, ಲೇಬರ್ ಕಾರ್ಡ್ ಎಲ್ಲದರ ಒಟಿಪಿ ಕಾಟವೂ ಒಟ್ಟಿಗೇ ತೀರುತ್ತದೆ.

ಶಾಲೆಯ ವಿಷಯದಲ್ಲಿ ಕಾನೂನು ಪೂರ್ತಿ ನಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಪ್ರಾಧಿಕಾರದ ಹೊಣೆ ಎಂದೇ ಹೇಳುತ್ತದೆ. ಟಿಸಿ ತಡವಾಯಿತೆಂದು 5ನೇ ಕಲಂ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂದು 14ನೇ ಕಲಂ ಪ್ರಕಾರ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಉತ್ತರ ಕರ್ನಾಟಕದವರು ದೀಪಾವಳಿ ಕಳೆದ ಮೇಲೆ ಬರುವುದರಿಂದ ಇದು ಬಹಳ ಮುಖ್ಯ. ಆದರೂ ಹೆಡ್‌ಮಾಸ್ಟರ್ ಮೇಜಿನ ಮೇಲೆ ಕಾಯ್ದೆ ಪುಸ್ತಕ ಕುಟ್ಟಿ ಪ್ರಯೋಜನವಿಲ್ಲ. ಅವರ ಚಿಂತೆ ಬೇರೆ: ಮಗು ಎರಡು ತಿಂಗಳಿಗೆ ಬಿಟ್ಟುಹೋದರೆ ಶಾಲೆ ಬಿಟ್ಟವರ ಲೆಕ್ಕ ಅವರ ತಲೆಗೆ ಬರುತ್ತದೆ. ಆದ್ದರಿಂದ ದಾಖಲಾತಿಯ ಜತೆಗೇ ಬರಹದಲ್ಲಿ ಕೊಡುತ್ತೇವೆ: ಕುಟುಂಬ ಹೊರಡುವ ಮೊದಲು ತಿಳಿಸುತ್ತೇವೆ, ಮಗು ಯಾವ ಊರ ಶಾಲೆಗೆ ಹೋಯಿತೆಂದು ಹೇಳುತ್ತೇವೆ. ಹಿಂದಿನ ಶಾಲೆಯವರಿಗೆ ಫೋನ್ ಮಾಡಿ ಮಗುವಿನ ಪೆನ್ ಸಂಖ್ಯೆ (ಶಾಲೆ ಬದಲಾದರೂ ಬದಲಾಗದ ವಿದ್ಯಾರ್ಥಿ ಸಂಖ್ಯೆ) ಪಡೆದು ಸಿಆರ್‌ಪಿಗೆ ಕೊಟ್ಟರೆ ಆನ್‌ಲೈನ್ ವರ್ಗಾವಣೆ ಸಲೀಸು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಕನ್ನಡ ಬಾರದೆಂದು ಹತ್ತು ವರ್ಷದ ಹುಡುಗನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದರೆ ಅವನು ನಾಚಿಕೊಂಡೇ ಶಾಲೆ ಬಿಡುತ್ತಾನೆ. ದಿನದ ತರಗತಿ ಮುಗಿದ ಮೇಲೆ ಒಂದು ಗಂಟೆ ಕನ್ನಡ ಹೇಳಿಕೊಡಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಪಡೆದು ಕಾಲೇಜು ವಿದ್ಯಾರ್ಥಿಗಳನ್ನು ಬಿಡುತ್ತೇವೆ. ಶಾಲೆಗೆ ಹೋಗುವ ದಾರಿಯಲ್ಲಿ ಹೆದ್ದಾರಿ ದಾಟಬೇಕಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಮಗು ಬರುವುದಿಲ್ಲ. ಬೆಳಿಗ್ಗೆ ಸಾಲಾಗಿ ಕರೆದೊಯ್ಯಲು ಶೆಡ್‌ನ ಒಬ್ಬ ತಾಯಿಯನ್ನು ಗೊತ್ತು ಮಾಡಬೇಕು.

ಆರೋಗ್ಯದಲ್ಲಿ ಆಶಾ ಕಾರ್ಯಕರ್ತೆಯೇ ಆಧಾರ. ನಗರದಲ್ಲಿ ಒಬ್ಬರಿಗೆ 1000ದಿಂದ 2500 ಜನ, ಅದರ ಮೇಲೆ ನಮ್ಮ ಶೆಡ್ ಸಾಲನ್ನೂ ಹೊರಿಸಿದರೆ ಅವರೂ ಮುಖ ತಿರುಗಿಸುತ್ತಾರೆ. ಮಹಿಳಾ ಆರೋಗ್ಯ ಸಮಿತಿ ಎಂಬುದೊಂದಿದೆ, 50ರಿಂದ 100 ಮನೆಗೆ ಒಂದು, ವರ್ಷಕ್ಕೆ 5000 ರೂಪಾಯಿ ಮುಕ್ತ ನಿಧಿ. ಅದಕ್ಕೆ ಶೆಡ್‌ನ ಹೆಂಗಸರನ್ನೂ ಸದಸ್ಯರನ್ನಾಗಿ ಮಾಡಿಸಿದರೆ ಬಸುರಿ ಯಾರು, ಜ್ವರ ಯಾರಿಗೆ ಎಂಬ ಸುದ್ದಿ ತಾನಾಗಿ ಬರುತ್ತದೆ. ಊರಿಂದ ತಂದ ತಾಯಿ ಕಾರ್ಡ್ (ಬಸುರಿ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ಕಾರ್ಡ್) ಇದ್ದರೆ ಅದೇ ನಂಬರ್ ಮುಂದುವರಿಸಬೇಕು. ಪೆಂಟಾವೇಲೆಂಟ್ ಲಸಿಕೆ 6, 10, 14 ವಾರಕ್ಕೆ, ದಡಾರ-ರುಬೆಲ್ಲಾ 9 ತಿಂಗಳು ತುಂಬಿದ ಮೇಲೆ. ಹೆರಿಗೆಗೆ ತವರಿಗೆ ಹೋಗಿ ಬರುವಾಗ ತಪ್ಪುವುದೇ ಈ ಡೋಸ್‌ಗಳು. ಕಾರ್ಡ್‌ನ ಫೋಟೊವನ್ನು ಗಂಡನ ಮೊಬೈಲ್‌ನಲ್ಲೂ ಇಡಿಸುತ್ತೇವೆ. ಕ್ಷಯದ ಮಾತ್ರೆ ನುಂಗುತ್ತಿರುವವರು ಸೈಟ್ ಬದಲಾಯಿಸಿದರೆ ನಿಕ್ಷಯ್ ಐಡಿಯ (ಕ್ಷಯ ರೋಗಿಗೆ ಸರ್ಕಾರ ಕೊಡುವ ಗುರುತು ಸಂಖ್ಯೆ) ಮೂಲಕ ಹೊಸ ಆಸ್ಪತ್ರೆಗೆ ವರ್ಗ ಮಾಡಿಸಬೇಕು, ಮೊದಲಿಂದ ಶುರು ಮಾಡಿಸಬಾರದು.

ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್‌ಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ. ಸಹಿ ಹಾಕಲು ಕಂಟ್ರಾಕ್ಟರ್ ಒಪ್ಪುವುದಿಲ್ಲ, ಹಾಕಿದರೆ ಇವರು ತನ್ನ ಕೆಲಸಗಾರರೆಂದು ಒಪ್ಪಿಕೊಂಡಂತೆ. ಆಗ ನೋಂದಾಯಿತ ಕಾರ್ಮಿಕ ಸಂಘ ಅಥವಾ ಲೇಬರ್ ಇನ್‌ಸ್ಪೆಕ್ಟರ್ ಬಳಿ ಹೋಗಬೇಕು. ಹಾಜರಿ ಚೀಟಿ, ಸೈಟ್‌ನಲ್ಲಿ ತೆಗೆದ ಫೋಟೊ, ಕೂಲಿ ಬಂದ ಫೋನ್‌ಪೇ ದಾಖಲೆ ಕೂಡಿಟ್ಟರೆ ಮಾತಿಗೆ ಬಲ ಬರುತ್ತದೆ.

ಕನ್ನಡ ತರಗತಿ ಬಗ್ಗೆ ಒಂದು ಮಾತು. ಅಕ್ಷರಮಾಲೆಯಿಂದ ಶುರು ಮಾಡಿದ ತರಗತಿ ಎರಡನೇ ವಾರಕ್ಕೆ ಖಾಲಿ. ಹಾಸ್ಟೆಲ್‌ನ ಒಡಿಶಾ, ಜಾರ್ಖಂಡ್ ಹುಡುಗಿಯರಿಗೆ ಮೊದಲು ಬೇಕಾದದ್ದು ನೂರರವರೆಗೆ ಎಣಿಕೆ, ಚಿಲ್ಲರೆ ಕೇಳುವುದು, ಎಲ್ಲಿ ನೋವು ಎಂದು ಹೇಳುವುದು, ಸೂಪರ್‌ವೈಸರ್‌ಗೆ "ರಜೆ ಬೇಕು ಸಾರ್, ಹುಷಾರಿಲ್ಲ" ಎನ್ನುವುದು. ಆಮೇಲೆ ಬಿಎಂಟಿಸಿ ಬೋರ್ಡ್ ಓದುವುದು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ ಎಂಬುದನ್ನೂ ಆಗಲೇ ಹೇಳಿಬಿಡಬೇಕು, ಕಂಡಕ್ಟರ್ ಜತೆ ವಾದ ತಪ್ಪುತ್ತದೆ. ತರಗತಿಗೆ ಅಕ್ಕಪಕ್ಕದ ಮನೆಯ ಹೆಂಗಸರೇ ಟೀಚರ್ ಆದರೆ ಒಳ್ಳೆಯದು. ನೀರಿನ ಟ್ಯಾಂಕರ್, ಕಸದ ಜಗಳ ಬಂದಾಗ ಎರಡೂ ಕಡೆಗೆ ಮಾತಾಡಬಲ್ಲವರು ಅಲ್ಲೇ ತಯಾರಾಗುತ್ತಾರೆ.

ತಿಂಗಳಿಗೊಮ್ಮೆ ಮೊದಲು ಹೇಳಿದ ಐದಾರು ಜನರನ್ನೂ ಶೆಡ್‌ನವರನ್ನೂ ಅಂಗನವಾಡಿಯಲ್ಲಿ ಒಂದು ಗಂಟೆ ಕೂರಿಸುತ್ತೇವೆ. ಭಾಷಣ ಇಲ್ಲ, ಕೆಲಸ ಎಲ್ಲೋ ಸಿಕ್ಕಿಕೊಂಡು ನಿಂತವರ ಹೆಸರುಗಳ ಪಟ್ಟಿ ಮಾತ್ರ. ಪ್ರತಿ ಹೆಸರಿನ ಮುಂದೆ ಯಾರು ಏನು ಮಾಡುತ್ತಾರೆ, ಯಾವ ತಾರೀಖಿನೊಳಗೆ ಎಂದು ಬರೆದು ಎಲ್ಲರ ಸಹಿ. ಶೆಡ್‌ನಿಂದ ಇಬ್ಬರು ಇರಲೇಬೇಕು. ಅವರಿಲ್ಲದಿದ್ದರೆ "ಎಲ್ಲ ಆಗಿದೆ" ಎಂಬ ವರದಿಯನ್ನು ಅಲ್ಲಗಳೆಯಲು ಯಾರೂ ಇರುವುದಿಲ್ಲ.

ಮುಂಗಾರು ಹತ್ತಿರವಾದಂತೆ ಕುಟುಂಬಗಳು ಊರಿಗೆ ಹೊರಡುತ್ತವೆ, ಕೆಲವರು ಹೊಸ ಸೈಟ್‌ಗೆ. ಹೊರಡುವ ವಾರ ಮಾಡಬೇಕಾದದ್ದು: ಆ ತಿಂಗಳ ರೇಷನ್ ಇಲ್ಲೇ ಎತ್ತಿಸುವುದು, ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ವಾಪಸ್ ಕಳಿಸುವುದು, ಶಾಲೆಯಿಂದ ಟಿಸಿ, ತಾಯಿ ಕಾರ್ಡ್‌ನಲ್ಲಿ ಕೊನೆಯ ಲಸಿಕೆಯ ತಾರೀಖು. ಇವುಗಳ ಜತೆಗೆ ಕೆಲಸದ ಪ್ರಮಾಣಪತ್ರಕ್ಕೆ ಸಹಿ. ಇದನ್ನು ಬಾಕಿ ಕೂಲಿಯ ಲೆಕ್ಕ ಚುಕ್ತಾ ಆಗುವ ದಿನವೇ ಹಾಕಿಸಿಕೊಳ್ಳಬೇಕು. ಲಾರಿ ಹತ್ತಿದ ಮೇಲೆ ಮೇಸ್ತ್ರಿ ಫೋನ್ ಎತ್ತುವುದಿಲ್ಲ.