ಎಕ್ಸ್‌ರೇ ಓದೋದು, ಕೇಸ್ ಬರೆಯೋದು: ಎರಡನ್ನೂ ಒಟ್ಟಿಗೆ ಕಲಿತ ನನ್ನ ಅನುಭವ

ನಾನು ಕ್ಯಾಲಿಫೋರ್ನಿಯಾದಲ್ಲಿ ಕೈರೋಪ್ರಾಕ್ಟರ್. ಬೆನ್ನೆಲುಬಿನ ತೊಂದರೆಗೆ ಮುಖ್ಯವಾಗಿ ಕೈಯಿಂದಲೇ ಚಿಕಿತ್ಸೆ ಕೊಡುವುದು ನಮ್ಮ ಕೆಲಸ. ಇಲ್ಲಿ ನಮ್ಮ ಲೈಸೆನ್ಸ್ ವರ್ಷಕ್ಕೊಮ್ಮೆ, ನಾವು ಹುಟ್ಟಿದ ತಿಂಗಳಲ್ಲಿ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ 24 ಗಂಟೆ ಸಿಇ ಮುಗಿಸಿರಬೇಕು. ಸಿಇ ಅಂದರೆ ಕಾಲೇಜು ಬಿಟ್ಟ ಮೇಲೂ ವೃತ್ತಿಯಲ್ಲಿ ಇರುವಷ್ಟು ಕಾಲ ಕಲಿಯಬೇಕಾದ ಪಾಠ. ಅದರಲ್ಲಿ ಸ್ವಲ್ಪ ಭಾಗ ಕಾನೂನು, ವೃತ್ತಿನೀತಿಗೆ ಮೀಸಲು. ಮಿಕ್ಕಿದ್ದನ್ನು ಬಹುಮಟ್ಟಿಗೆ ನಾವೇ ಆರಿಸಿಕೊಳ್ಳಬಹುದು. ಕೆಲವು ವರ್ಷಗಳಿಂದ ನಾನು ಆರಿಸುತ್ತಿರುವುದು ಎರಡೇ ವಿಷಯ. ಒಂದು, ಬೆನ್ನೆಲುಬಿನ ಇಮೇಜಿಂಗ್, ಅಂದರೆ ಎಕ್ಸ್‌ರೇ, ಎಂಆರ್‌ಐ ಚಿತ್ರಗಳನ್ನು ಓದುವುದು. ಇನ್ನೊಂದು, ರೋಗಿಯ ಕೇಸನ್ನು ಬರೆದಿಡುವುದು. ಊರಲ್ಲಿರುವ ಫಿಸಿಯೋಥೆರಪಿ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇದರ ಬಗ್ಗೆ ಕೇಳುತ್ತಾರೆ. ಅವರಿಗೂ ಉಪಯೋಗ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಎರಡನ್ನೂ ಒಟ್ಟಿಗೆ ಯಾಕೆ ಹಿಡಿದೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಯೋವಾದ ಡ್ಯಾವೆನ್‌ಪೋರ್ಟ್ ಊರಲ್ಲಿ ನಮ್ಮ ವೃತ್ತಿಯನ್ನು ಶುರು ಮಾಡಿದ ಡಿ.ಡಿ. ಪಾಮರ್ ಮೊದಲ ಅಡ್ಜಸ್ಟ್‌ಮೆಂಟ್, ಅಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸೆ, ಮಾಡಿದ್ದು 1895ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ರೋಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. 1910ರಲ್ಲಿ ಪಾಮರ್ ಅವರ ಮಗ ಬಿ.ಜೆ. ಪಾಮರ್ ಎಕ್ಸ್‌ರೇಯನ್ನು ತಮ್ಮ ಶಾಲೆಗೇ ತಂದರು. ಅಲ್ಲಿಂದ ಚಿತ್ರ ಅನ್ನುವುದು ನಮ್ಮ ವೃತ್ತಿಯ ಬೆನ್ನಿಗೇ ಬಂತು. 1972ರ ಕಾನೂನಿನಿಂದ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗೆ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ನಮ್ಮ ಚಿಕಿತ್ಸೆಗೆ ದುಡ್ಡು ಕೊಡಲು ಶುರು ಮಾಡಿದಾಗ ಒಂದು ಷರತ್ತು ಇತ್ತು. ಬೆನ್ನೆಲುಬಿನಲ್ಲಿ ತೊಂದರೆ ಇದೆ ಅಂತ ಎಕ್ಸ್‌ರೇಯಲ್ಲೇ ತೋರಿಸಬೇಕು. ಈ ಷರತ್ತು 2000ನೇ ಇಸವಿ ಜನವರಿ 1ಕ್ಕೆ ಹೋಯಿತು. ಈಗ ಕೈಯಿಂದ ಮುಟ್ಟಿ ಮಾಡಿದ ಪರೀಕ್ಷೆಯೇ ಸಾಕು. ಆದರೆ ಆ ಪರೀಕ್ಷೆಯಲ್ಲಿ ಕಂಡದ್ದನ್ನು ಬರೆದಿರಬೇಕು. ಚಿತ್ರ ಮಾಡುತ್ತಿದ್ದ ಕೆಲಸವನ್ನು ಬರಹ ಮಾಡಬೇಕಾಯಿತು. ಹಾಗಾಗಿ ಚಿತ್ರ ಓದುವುದನ್ನು ಬಿಟ್ಟು ಬರೆಯುವುದನ್ನಷ್ಟೇ ಕಲಿಯುತ್ತೇನೆ, ಇಲ್ಲ ಬರೆಯುವುದನ್ನು ಬಿಟ್ಟು ಚಿತ್ರವನ್ನಷ್ಟೇ ಕಲಿಯುತ್ತೇನೆ ಅಂದರೆ ಅರ್ಧ ಕಲಿತ ಹಾಗೆ ಅಂತ ನನಗನ್ನಿಸಿತು.

ಇಮೇಜಿಂಗ್ ಪಾಠಕ್ಕೆ ನಾನು ಹುಡುಕಿದ್ದು ಡಿಎಸಿಬಿಆರ್ ಆಗಿರುವವರನ್ನು. ಕೈರೋಪ್ರಾಕ್ಟಿಕ್ ಮುಗಿಸಿ, ಆಮೇಲೆ ಮೂರು ವರ್ಷ ರೇಡಿಯಾಲಜಿ ರೆಸಿಡೆನ್ಸಿ ಮಾಡಿ, ಬೋರ್ಡ್ ಪರೀಕ್ಷೆ ಪಾಸಾದವರು ಇವರು. ಬೇರೆಯವರು ಹೇಳಿಕೊಡಬಾರದು ಅಂತೇನಲ್ಲ. ಆದರೆ ದಿನಾ ಅದನ್ನೇ ನೋಡುವವರ ಕಣ್ಣು ಎಲ್ಲಿ ಮೊದಲು ಹೋಗುತ್ತೆ ಅನ್ನುವುದನ್ನು ಹತ್ತಿರದಿಂದ ನೋಡಿಯೇ ಕಲಿಯಬೇಕು. ನನಗೆ ಸಿಕ್ಕ ಮೇಡಂ ಪಾಠದ ಕ್ರಮ ಸರಳವಾಗಿತ್ತು. ಫಿಲ್ಮ್ ಹಾಕುತ್ತಾರೆ, ಹಿಸ್ಟರಿ ಹೇಳಲ್ಲ, ರಿಪೋರ್ಟ್ ತೋರಿಸಲ್ಲ. ಕಂಡದ್ದನ್ನೆಲ್ಲ ನೀವು ಹೇಳಬೇಕು. ಹೇಳಿ ಮುಗಿದ ಮೇಲೆ "ಇನ್ನೇನು ಕಾಣುತ್ತೆ?" ಅಂತ ಮತ್ತೆ ಕೇಳುತ್ತಾರೆ.

ಸೊಂಟದ ಪಕ್ಕದ ನೋಟ, ಅಂದರೆ ಲ್ಯಾಟರಲ್ ಲಂಬಾರ್ ತಗೊಳ್ಳಿ. ಸೊಂಟದ ಐದು ಎಲುಬುಗಳನ್ನು ಮೇಲಿನಿಂದ ಎಲ್1, ಎಲ್2 ಅಂತ ಎಣಿಸುತ್ತೇವೆ; ಎಲ್ಲರ ಕಣ್ಣೂ ನೇರ ಕೊನೆಯ ಎಲ್5ಗೆ ಹೋಗಿ ಕೂರುತ್ತೆ. ಡಿಸ್ಕ್ ಜಾಗ ಕಮ್ಮಿ ಆಗಿದೆಯಾ, ಎಲುಬು ಮುಂದಕ್ಕೆ ಜರುಗಿದೆಯಾ ಅಂತ. ಮೇಡಂ ಹೇಳಿಕೊಟ್ಟಿದ್ದು ಅಂಚಿನಿಂದ ಒಳಗೆ ಬರುವುದನ್ನು. ಮೊದಲು ಹೊಟ್ಟೆಯ ಭಾಗ. ಎಲ್2ರಿಂದ ಎಲ್4ರ ಮುಂದೆ ಸುಣ್ಣ ಕಟ್ಟಿದ ಬಾಗಿದ ತೆಳು ಗೆರೆ ಏನಾದರೂ ಇದೆಯಾ? ಇದ್ದರೆ ಅದು ಮಹಾಅಪಧಮನಿಯ ಗೋಡೆ ಇರಬಹುದು. ಆ ರಕ್ತನಾಳ ಉಬ್ಬಿ 3 ಸೆಂಟಿಮೀಟರ್ ದಾಟಿದರೆ ಅದು ಅನ್ಯೂರಿಸಂ. ಅನುಮಾನ ಬಂದರೆ ಅಳೆದು, ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು. ಸೊಂಟ ನೋವು ಅಂತ ಬಂದ ಮನುಷ್ಯನ ಜೀವ ಉಳಿಸುವ ಗೆರೆ ಅದು, ಬೆನ್ನೆಲುಬಿನಲ್ಲಿ ಇರುವುದೇ ಇಲ್ಲ.

ಆಮೇಲೆ ಎದುರಿನಿಂದ ತೆಗೆದ ನೋಟ. ಬೆನ್ನೆಲುಬಿನ ಒಂದೊಂದು ಎಲುಬಿನಲ್ಲೂ (ವರ್ಟಿಬ್ರಾ) ಹಿಂದಕ್ಕೆ ಚಾಚಿದ ಎರಡು ಗಿಡ್ಡ ಕಂಬಗಳು, ಅಂದರೆ ಪೆಡಿಕಲ್‌ಗಳು, ಎರಡು ಕಣ್ಣಿನ ಹಾಗೆ ಕಾಣುತ್ತವೆ. ಒಂದು ಕಾಣದಿದ್ದರೆ ಅದಕ್ಕೆ ಕಣ್ಣು ಹೊಡೆಯುವ ಗೂಬೆ ಅಂತಲೇ ಹೆಸರು. ಬೇರೆಡೆಯ ಕ್ಯಾನ್ಸರ್ ಎಲುಬಿಗೆ ಹರಡಿರಬಹುದು ಅನ್ನುವ ಸೂಚನೆ ಅದು. ಇಲ್ಲಿ ಇನ್ನೊಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎಲುಬು 30ರಿಂದ 50 ಶೇಕಡಾ ಕರಗುವ ತನಕ ಎಕ್ಸ್‌ರೇಯಲ್ಲಿ ಕಾಣಿಸದೇ ಹೋಗಬಹುದು. ಅಂದರೆ ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ, ಹಿಂದೆ ಕ್ಯಾನ್ಸರ್ ಆಗಿದ್ದು, ರಾತ್ರಿ ಮಲಗಿದರೂ ನೋವು ಬಿಡದವರನ್ನು ಸುಮ್ನೆ ಮನೆಗೆ ಕಳಿಸಬಾರದು.

ಎಣಿಸುವುದು ಕೂಡ ದೊಡ್ಡ ಪಾಠವೇ. ಕೆಲವರಿಗೆ ಸೊಂಟದ ಕೊನೆಯ ಎಲುಬು ಅದರ ಕೆಳಗಿನ ತ್ರಿಕೋನಾಕಾರದ ಮೂಳೆಗೆ, ಅಂದರೆ ತ್ರಿಕಾಸ್ಥಿಗೆ, ಅಂಟಿಕೊಂಡಿರುತ್ತದೆ. ಇನ್ನು ಕೆಲವರಿಗೆ ತ್ರಿಕಾಸ್ಥಿಯ ಮೊದಲ ತುಂಡು ಬಿಡಿಯಾಗಿ ಸೊಂಟದ ಎಲುಬಿನ ಹಾಗೆ ಇರುತ್ತದೆ. ಅಂಥವರಲ್ಲಿ ನಾನು ಎಲ್5 ಅಂದದ್ದನ್ನು ಎಂಆರ್‌ಐ ಮಾಡಿದವರು ಎಸ್1, ಅಂದರೆ ತ್ರಿಕಾಸ್ಥಿಯ ಮೊದಲ ತುಂಡು, ಅನ್ನಬಹುದು. ನಾಳೆ ಆ ರೋಗಿ ಸರ್ಜನ್ ಹತ್ತಿರ ಹೋದರೆ ಯಾವ ಎಲುಬು ಅನ್ನುವ ಗೊಂದಲ ಆಗುತ್ತೆ. ಅದಕ್ಕೇ ಎಲ್ಲಿಂದ ಎಣಿಸಿದೆ, ಕೊನೆಯ ಪಕ್ಕೆಲುಬು ಯಾವುದು ಅಂತ ತಗೊಂಡೆ ಅನ್ನುವುದನ್ನು ರಿಪೋರ್ಟಿನಲ್ಲಿ ಒಂದು ಸಾಲು ಬರೆಯುತ್ತೇನೆ. ಕೋನ ಅಳೆದಾಗಲೂ ಹಾಗೇ. ಬೆನ್ನೆಲುಬು ಪಕ್ಕಕ್ಕೆ ಎಷ್ಟು ಬಾಗಿದೆ ಅನ್ನುವ ಅಳತೆಗೆ ಕಾಬ್ ಕೋನ ಅಂತಾರೆ; ಸ್ಕೋಲಿಯೋಸಿಸ್ (ಬೆನ್ನೆಲುಬಿನ ಪಕ್ಕದ ಬಾಗು) ಅನ್ನಲು ಅದು ಕನಿಷ್ಠ 10 ಡಿಗ್ರಿ ಇರಬೇಕು. ಅಳತೆಯಲ್ಲೇ ಸುಮಾರು 5 ಡಿಗ್ರಿ ವ್ಯತ್ಯಾಸ ಬರುತ್ತದೆ. ಹಾಗಿರುವಾಗ ಹೋದ ವರ್ಷ 14 ಇದ್ದದ್ದು ಈ ವರ್ಷ 17 ಆಯಿತು ಅಂತ ಹೇಳಿ ಮಗುವಿನ ತಂದೆತಾಯಿಯನ್ನು ಹೆದರಿಸುವುದು ಸರಿಯಲ್ಲ. ಯಾವ ಎಲುಬಿನಿಂದ ಯಾವ ಎಲುಬಿನ ತನಕ ಅಳೆದೆ ಅಂತ ಬರೆದಿದ್ದರೆ ಮುಂದಿನ ಸಲ ಯಾರೇ ಅಳೆದರೂ ಅಲ್ಲಿಂದಲೇ ಅಳೆಯುತ್ತಾರೆ.

ಓದುವುದಕ್ಕಿಂತ ಕಷ್ಟದ ವಿಷಯ, ಎಕ್ಸ್‌ರೇ ಬೇಕಾ ಬೇಡವಾ ಅನ್ನುವ ತೀರ್ಮಾನ. ನಮ್ಮ ಅಮೆರಿಕನ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ 2017ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಪಾಯದ ಸೂಚನೆ ಇಲ್ಲದಿದ್ದರೆ ಹೊಸದಾಗಿ ಬಂದ ಸೊಂಟ ನೋವಿಗೆ ಮೊದಲ ಆರು ವಾರ ಇಮೇಜಿಂಗ್ ಬೇಡ. ಗುಣ ಆಗ್ತಿದೆಯಾ ಅಂತ ನೋಡಲು ಪದೇ ಪದೇ ತೆಗೆಯುವುದೂ ಬೇಡ. ಸೊಂಟದ ಎಕ್ಸ್‌ರೇಗೆ ಸುಮಾರು 1.5 ಮಿಲಿಸೀವರ್ಟ್ ವಿಕಿರಣ, ಎದೆಯದ್ದಕ್ಕೆ ಸುಮಾರು 0.1. ಆದರೆ ನನಗೆ ವಿಕಿರಣಕ್ಕಿಂತ ಜಾಸ್ತಿ ಚಿಂತೆ, ಕಾಣುವ ಸಂಗತಿಗಳದ್ದು. ನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. 20 ವರ್ಷದವರಲ್ಲೇ 37 ಶೇಕಡಾ ಜನರಿಗೆ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ 96 ಶೇಕಡಾ. ನೋವು ಇಲ್ಲದವರಲ್ಲೂ ಇಷ್ಟು ಕಾಣುತ್ತೆ ಅಂದಮೇಲೆ, ನೋವು ಇರುವವರ ಚಿತ್ರದಲ್ಲಿ ಕಂಡಿದ್ದನ್ನೆಲ್ಲ ನೋವಿನ ಕಾರಣ ಅನ್ನುವುದು ಹೇಗೆ? "ನಿಮ್ಮ ಡಿಸ್ಕ್ ಸವೆದಿದೆ" ಅನ್ನುವ ಒಂದು ಮಾತು ಕೇಳಿದ ಮೇಲೆ ಬಗ್ಗುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ.

ಮಗನ ಮನೆಗೆ ಬಂದಿದ್ದ ಒಬ್ಬ ಅಮ್ಮ, ಸೂಟ್‌ಕೇಸ್ ಎತ್ತುವಾಗ ಸೊಂಟ ಹಿಡಕೊಂಡಿತು ಅಂತ ಬಂದಿದ್ದರು. ನಡೆಯುತ್ತಿದ್ದರು, ಕಾಲಿನಲ್ಲಿ ಜೋಮು ಇಲ್ಲ.

"ಒಂದು ಎಕ್ಸ್‌ರೇ ತೆಗೆದುಬಿಡಿ ಡಾಕ್ಟ್ರೇ, ಮನಸ್ಸಿಗೆ ಸಮಾಧಾನ," ಅಂದರು.

"ತೆಗೆಯೋಣ ಅಮ್ಮಾ, ಬೇಕಾದರೆ. ಮೊದಲು ಕೆಲವು ಪ್ರಶ್ನೆ ಕೇಳ್ತೀನಿ."

ಕೇಳಿದೆ. ಬಿದ್ದಿದ್ದೀರಾ? ಜ್ವರ ಇದೆಯಾ? ಸುಮ್ನೆ ತೂಕ ಇಳಿದಿದೆಯಾ? ಹಿಂದೆ ಕ್ಯಾನ್ಸರ್ ಏನಾದರೂ? ಸ್ಟೀರಾಯ್ಡ್ ಮಾತ್ರೆ ತಗೊಳ್ತೀರಾ? ಮೂಳೆ ಟೊಳ್ಳಾಗಿದೆ ಅಂತ ಯಾರಾದರೂ ಹೇಳಿದ್ದಾರಾ? ಮೂತ್ರ ಹೋಗಲು ತೊಂದರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದೇ ಇರುವುದು? ಎಲ್ಲಕ್ಕೂ ಇಲ್ಲ. ಕಾಲಿನ ಬಲ, ರಿಫ್ಲೆಕ್ಸ್, ಸ್ಪರ್ಶ ನೋಡಿದೆ. ಎಲ್ಲ ಸರಿ ಇತ್ತು.

"ಈಗ ತೆಗೆದರೂ ಚಿಕಿತ್ಸೆ ಬದಲಾಗಲ್ಲ ಅಮ್ಮಾ. ನೋವು ಕಾಲಿಗೆ ಇಳಿದರೆ, ಇಲ್ಲ ಕೆಲವು ವಾರದಲ್ಲಿ ಕಮ್ಮಿ ಆಗದಿದ್ದರೆ ಖಂಡಿತ ತೆಗೆಸೋಣ," ಅಂದೆ. ಅವರು ಒಪ್ಪಿದರು.

ಇಲ್ಲಿ ಬರಹದ ಕೆಲಸ ಶುರು. ಎಕ್ಸ್‌ರೇ ತೆಗೆದಾಗ ಕಾರಣ ಬರೆಯಬೇಕು ಅಂತ ಎಲ್ಲರಿಗೂ ಗೊತ್ತು. ತೆಗೆಯದಿದ್ದಾಗಲೂ ಬರೆಯಬೇಕು ಅನ್ನುವುದು ನಾನು ಈ ಕೋರ್ಸ್‌ಗಳಿಂದ ರೂಢಿ ಮಾಡಿಕೊಂಡದ್ದು. ಯಾವ ಪ್ರಶ್ನೆ ಕೇಳಿದೆ, ಏನು ಉತ್ತರ ಬಂತು, ಏನಾದರೆ ನನ್ನ ತೀರ್ಮಾನ ಬದಲಾಗುತ್ತೆ, ಅದನ್ನು ರೋಗಿಗೆ ಹೇಳಿದ್ದೇನೆ. ನಾಲ್ಕೈದು ಸಾಲು ಸಾಕು. ಕುತ್ತಿಗೆಗೆ ಪೆಟ್ಟಾಗಿ ಬಂದವರಲ್ಲಿ ಚಿತ್ರ ಬೇಕಾ ಬೇಡವಾ ತೀರ್ಮಾನಿಸಲು 2001ರಲ್ಲಿ ಬಂದ ಕೆನಡಿಯನ್ ಸಿ-ಸ್ಪೈನ್ ನಿಯಮ ಬಳಸುತ್ತೇನೆ. ವಯಸ್ಸು 65 ಅಥವಾ ಅದಕ್ಕಿಂತ ಜಾಸ್ತಿಯಾ, ಪೆಟ್ಟು ಎಂಥದ್ದು, ಕೈಕಾಲಿನಲ್ಲಿ ಜೋಮು ಇದೆಯಾ, ಅಪಾಯ ಇಲ್ಲ ಅನ್ನಿಸಿದರೆ ಎರಡೂ ಕಡೆ 45 ಡಿಗ್ರಿ ಕುತ್ತಿಗೆ ತಿರುಗಿಸಬಲ್ಲರಾ. ನಿಯಮದ ಹೆಸರನ್ನೂ ಉತ್ತರಗಳನ್ನೂ ಬರೆದರೆ, ಓದುವವರಿಗೆ ನನ್ನ ಯೋಚನೆ ಪೂರ್ತಿ ಕಾಣುತ್ತದೆ.

ಭೇಟಿಯ ಟಿಪ್ಪಣಿಗೆ ಬಂದರೆ, ತೊಂದರೆಯನ್ನು ಕೈಯಿಂದ ಮಾಡಿದ ಪರೀಕ್ಷೆಯಲ್ಲಿ ತೋರಿಸಲು ಮೆಡಿಕೇರ್ ನಾಲ್ಕು ಅಂಶ ಕೇಳುತ್ತದೆ; ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿಸಿ ಪಾರ್ಟ್ (PART) ಅಂತಾರೆ. ಒತ್ತಿದರೆ ನೋವು, ಎಡಬಲದಲ್ಲಿ ಸಮ ಇಲ್ಲದಿರುವುದು, ಚಲನೆ ಕಮ್ಮಿ ಇರುವುದು, ಸ್ನಾಯು ಚರ್ಮದಲ್ಲಿ ಬದಲಾವಣೆ. ನಾಲ್ಕರಲ್ಲಿ ಎರಡಾದರೂ ಇರಬೇಕು, ಆ ಎರಡರಲ್ಲಿ ಒಂದು ಸಮ ಇಲ್ಲದಿರುವುದೋ ಚಲನೆಯೋ ಆಗಿರಬೇಕು. ಕೋರ್ಸಿನಲ್ಲಿ ನಮಗೆ ಎರಡು ಟಿಪ್ಪಣಿ ಪಕ್ಕಪಕ್ಕದಲ್ಲಿ ತೋರಿಸಿದ್ದರು. ಮೊದಲನೆಯದು ಹೀಗೆ: "ಸೊಂಟ ನೋವು. ಅಡ್ಜಸ್ಟ್ ಮಾಡಲಾಯಿತು. ಚೆನ್ನಾಗಿ ಸಹಿಸಿದರು. ಮುಂದುವರಿಸುವುದು." ಎರಡನೆಯದು: "ನೋವು 10ಕ್ಕೆ 4, ಹೋದ ಸಲ 6. ಈಗ 20 ನಿಮಿಷ ಕೂರಬಲ್ಲರು, ಮೊದಲು 10. ಎಲ್5 ಬಲಬದಿ ಒತ್ತಿದರೆ ನೋವು. ಬಲಕ್ಕೆ ಬಾಗುವುದು ಅರ್ಧಕ್ಕೆ ನಿಲ್ಲುತ್ತದೆ. ಬಲಬದಿ ಸ್ನಾಯು ಬಿಗಿ. ಎಲ್5 ಅಡ್ಜಸ್ಟ್. ಆಮೇಲೆ ಬಲಕ್ಕೆ ಮುಕ್ಕಾಲು ಬಾಗಿದರು." ಎರಡನೆಯದನ್ನು ಬರೆಯಲು ಒಂದು ನಿಮಿಷ ಜಾಸ್ತಿ ಬೇಕು, ಅಷ್ಟೇ. ಆದರೆ ನಾನು ರಜೆಯಲ್ಲಿದ್ದಾಗ ನನ್ನ ಜಾಗದಲ್ಲಿ ಕೂರುವವರು ಮೊದಲನೆಯದನ್ನು ಓದಿ ಏನೂ ಮಾಡಲಾರರು. ಎರಡನೆಯದನ್ನು ಓದಿ ಕೆಲಸ ಮುಂದುವರಿಸಬಹುದು.

ಬಿಲ್ಲಿಗೂ ಇದಕ್ಕೂ ನೇರ ಸಂಬಂಧ ಇದೆ. ಬೆನ್ನೆಲುಬಿನ ಒಂದೆರಡು ಭಾಗಕ್ಕೆ ಅಡ್ಜಸ್ಟ್ ಮಾಡಿದರೆ ಬಿಲ್ಲಿನ ಕೋಡ್ 98940, ಮೂರು ನಾಲ್ಕಕ್ಕೆ 98941, ಐದಕ್ಕೆ 98942. ಯಾವ ಕೋಡ್ ಹಾಕಿದರೂ ಅಷ್ಟೂ ಭಾಗದಲ್ಲಿ ಕಂಡದ್ದು ಟಿಪ್ಪಣಿಯಲ್ಲಿ ಇರಬೇಕು. 2013ರಲ್ಲಿ ಮೆಡಿಕೇರ್ ನಮ್ಮ ವೃತ್ತಿಗೆ ಕೊಟ್ಟ 438 ಮಿಲಿಯನ್ ಡಾಲರ್‌ನಲ್ಲಿ ಸುಮಾರು 82 ಶೇಕಡಾ ನಿಯಮಕ್ಕೆ ಹೊಂದುವುದಿಲ್ಲ ಅಂತ ಸರ್ಕಾರದ ತಪಾಸಣಾ ವಿಭಾಗ 2016ರಲ್ಲಿ ಅಂದಾಜು ಮಾಡಿತು. ಆ ಅಂಕಿ ನನಗೆ ತುಂಬಾ ನೋವು ಕೊಟ್ಟಿತು. ಒಳ್ಳೆಯ ಚಿಕಿತ್ಸೆ ಕೊಡುವ ಎಷ್ಟೋ ಜನ ನನಗೆ ಗೊತ್ತು. ಅವರ ಕೈಯಲ್ಲಿರುವ ಕೆಲಸ ಕಾಗದಕ್ಕೆ ಇಳಿಯದಿದ್ದರೆ ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ನಾನು ಅಭ್ಯಾಸ ಮಾಡಿದ ರೀತಿ ಹೇಳುತ್ತೇನೆ. ಇನ್ನೊಬ್ಬ ಕೈರೋಪ್ರಾಕ್ಟರ್ ಗೆಳತಿ ಜೊತೆ ಸೇರಿ, ಹೆಸರು, ಹುಟ್ಟಿದ ದಿನ ಎಲ್ಲ ತೆಗೆದು ಹಳೆಯ ಟಿಪ್ಪಣಿಗಳನ್ನು ಬದಲಾಯಿಸಿಕೊಳ್ಳುತ್ತೇವೆ. ಅವಳು ನನ್ನದನ್ನು ಓದಿ ಮೂರು ಮಾತು ಹೇಳಬೇಕು. ರೋಗಿಗೆ ಏನು ಕಷ್ಟ, ನಾನು ಏನು ಮಾಡಿದೆ, ಯಾವಾಗ ನಿಲ್ಲಿಸುತ್ತೇನೆ. ಅವಳು ತಡವರಿಸಿದ ಕಡೆ ನನ್ನ ಬರಹ ಸಾಲದು ಅಂತ ಅರ್ಥ. ಜಾಸ್ತಿ ತಡವರಿಸುವುದು ಮೂರನೆಯದಕ್ಕೇ. ಅದಕ್ಕೇ ಮೊದಲ ಭೇಟಿಯಲ್ಲೇ ಗುರಿ ಬರೆದು, ಅದನ್ನು ಅಳೆಯುವ ಪ್ರಶ್ನೆಪಟ್ಟಿ ಇಡುತ್ತೇನೆ. ಸೊಂಟಕ್ಕೆ ಆಸ್ವೆಸ್ಟ್ರಿ. ಕುತ್ತಿಗೆಗೆ ನೆಕ್ ಡಿಸಬಿಲಿಟಿ ಇಂಡೆಕ್ಸ್. ಈ ಎರಡನೆಯದನ್ನು 1991ರಲ್ಲಿ ಪ್ರಕಟಿಸಿದ ಹೋವರ್ಡ್ ವರ್ನನ್ ಕೆನಡಾದ ಕೈರೋಪ್ರಾಕ್ಟರ್ ಅನ್ನುವುದು ನನಗೆ ಹೆಮ್ಮೆ. ಎರಡರಲ್ಲೂ ಹತ್ತು ಹತ್ತು ಪ್ರಶ್ನೆ; ಅಂಕ ಕಮ್ಮಿ ಆದಷ್ಟೂ ತೊಂದರೆ ಕಮ್ಮಿ. ರೋಗಿ ಕಾಯುತ್ತಾ ಕೂತಿರುವಾಗಲೇ ತುಂಬಿಬಿಡುತ್ತಾರೆ. ಅಂಕ ಇಳಿಯುವುದು ನಿಂತಾಗ, ಚಿಕಿತ್ಸೆ ಬದಲಿಸಬೇಕಾ, ಬೇರೆಯವರ ಹತ್ತಿರ ಕಳಿಸಬೇಕಾ, ನಿಲ್ಲಿಸಬೇಕಾ ಅಂತ ಕೂತು ಮಾತಾಡುತ್ತೇವೆ. ಮೆಡಿಕೇರ್ ಮೆಂಟೆನೆನ್ಸ್‌ಗೆ, ಅಂದರೆ ಸುಧಾರಣೆ ನಿಂತ ಮೇಲೆ ಇದ್ದ ಸ್ಥಿತಿ ಉಳಿಸಲು ಕೊಡುವ ಚಿಕಿತ್ಸೆಗೆ, ದುಡ್ಡು ಕೊಡುವುದಿಲ್ಲ. ಆ ಮಾತನ್ನು ಹಿರಿಯರಿಗೆ ಮುಂಚೆಯೇ ಹೇಳಿ, ಫಾರಂ ಸಹಿ ಮಾಡಿಸಿಕೊಳ್ಳುವುದು ಮರ್ಯಾದೆಯ ಕೆಲಸ.

ಕೋರ್ಸ್ ಆರಿಸುವವರಿಗೆ ನನ್ನ ಸಲಹೆ: ಮೊದಲು ನಿಮ್ಮ ಬೋರ್ಡ್ ಒಪ್ಪಿದ ಕೋರ್ಸಾ ನೋಡಿ, ಆಮೇಲೆ ಅದರಲ್ಲಿ ನಿಮ್ಮಿಂದ ಓದಿಸುತ್ತಾರಾ, ಬರೆಸುತ್ತಾರಾ ಕೇಳಿ. ಸ್ಲೈಡ್ ತೋರಿಸಿ ಬಿಡುವ ಕೋರ್ಸಿನಿಂದ ಸರ್ಟಿಫಿಕೇಟ್ ಸಿಗುತ್ತೆ, ಕಣ್ಣು ಪಳಗಲ್ಲ. ಈ ವರ್ಷ ನಾನು ಉಳಿದ ಗಂಟೆಗಳನ್ನು ಎಂಆರ್‌ಐಗೆ ಇಟ್ಟಿದ್ದೇನೆ. ಎಲುಬಿನ ಅಂಚಿನಲ್ಲಿ ಬರುವ ಮೋಡಿಕ್ ಬದಲಾವಣೆಗಳನ್ನು ಒಂದು, ಎರಡು, ಮೂರು ಅಂತ ಬೇರೆ ಮಾಡಲು ಟಿ1, ಟಿ2 ಅನ್ನುವ ಎರಡು ಬಗೆಯ ಎಂಆರ್‌ಐ ಚಿತ್ರ ಪಕ್ಕದಲ್ಲಿ ಇಟ್ಟುಕೊಂಡು ನೋಡಬೇಕು. ಅದೇ ಮೇಡಂ ಪಾಠ, ಅದೇ ಕ್ರಮ. ಗೆಳತಿಯೂ ಸೇರಿಕೊಂಡಿದ್ದಾಳೆ. ರಿಪೋರ್ಟ್ ಮುಚ್ಚಿಟ್ಟು ಇಬ್ಬರೂ ಬೇರೆ ಬೇರೆಯಾಗಿ ಬರೆದು, ಆಮೇಲೆ ಹೋಲಿಸಿ ನೋಡುತ್ತಿದ್ದೇವೆ.