ಒಂದೇ ಪಕ್ಷ ಗೆಲ್ಲುವ ಊರಿನಲ್ಲಿ ಎದುರು ಪಕ್ಷದ ಬೂತ್ ಏಜೆಂಟ್ ಆಗುವವರಿಗೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಸೇರಿ 13 ವಿಧಾನಸಭಾ ಕ್ಷೇತ್ರಗಳಿವೆ. 2018ರಲ್ಲಿ ಅವುಗಳಲ್ಲಿ 12 ಬಿಜೆಪಿಗೆ ಹೋದವು, 2023ರಲ್ಲಿ 11. ಆ ವರ್ಷ ರಾಜ್ಯ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟಾಗಲೂ ಕರಾವಳಿ ಹೆಚ್ಚು ಕದಲಲಿಲ್ಲ. ಆದರೆ ಇದೇ 13ರಲ್ಲಿ 2013ರಲ್ಲಿ 10 ಗೆದ್ದದ್ದು ಕಾಂಗ್ರೆಸ್. ಬಿಜೆಪಿಗೆ ಉಳಿದದ್ದು ಸುಳ್ಯ, ಕಾರ್ಕಳ ಎರಡೇ. 2023ರಲ್ಲಿ ಪುತ್ತೂರು, ಕಾರ್ಕಳಗಳ ಅಂತರ ಐದು ಸಾವಿರ ಮತವನ್ನೂ ಮುಟ್ಟಲಿಲ್ಲ. 220 ಬೂತುಗಳ ಕ್ಷೇತ್ರದಲ್ಲಿ ಐದು ಸಾವಿರ ಎಂದರೆ ಬೂತಿಗೆ 23 ಮತ ಅಷ್ಟೆ.

ಸೋಲು ರೂಢಿಯಾದ ಕಡೆ ಪಕ್ಷವೊಂದು ಮತಕ್ಕಿಂತ ಮೊದಲು ಕಳೆದುಕೊಳ್ಳುವುದು ಮತಗಟ್ಟೆಯೊಳಗಿನ ಕುರ್ಚಿಯನ್ನು, ಅಂದರೆ ಅಭ್ಯರ್ಥಿಯ ಪರವಾಗಿ ಕೂತು ಮತದಾನ ನೋಡುವ ಬೂತ್ ಏಜೆಂಟರ ಜಾಗವನ್ನು. "ಹೇಗೂ ಗೆಲ್ಲುವುದಿಲ್ಲ, ಇಡೀ ದಿನ ಯಾಕೆ ಕೂರುವುದು" ಎಂಬ ಮಾತು ಒಂದು ಚುನಾವಣೆಯಲ್ಲಿ ಬಂದರೆ ಮುಂದಿನದರಲ್ಲಿ ಕೂರುವ ಜನವೇ ಸಿಗುವುದಿಲ್ಲ. ಇಲ್ಲಿ ಬರೆದಿರುವುದು ಆ ಕುರ್ಚಿಯಲ್ಲಿ ಕೂರುವವರಿಗೆ. ಪಕ್ಷ ಯಾವುದಾದರೂ ಕೆಲಸ ಒಂದೇ: ಉಳ್ಳಾಲದ ಕಡೆ ಕೂರುವ ಬಿಜೆಪಿ ಏಜೆಂಟರಿಗೂ, ಕುಂದಾಪುರದಲ್ಲಿ ಕೂರುವ ಕಾಂಗ್ರೆಸ್ ಏಜೆಂಟರಿಗೂ.

ಜನ ಸಾಲದಿದ್ದರೆ ಯಾವ ಬೂತು ಮೊದಲು

ಎಲ್ಲ ಬೂತುಗಳಿಗೂ ಏಜೆಂಟರು ಸಿಗದಿದ್ದರೆ ಹಿಂದಿನ ಚುನಾವಣೆಯ ನಮೂನೆ 20 ತೆಗೆದುಕೊಳ್ಳಿ. ಬೂತುವಾರು ಯಾರಿಗೆ ಎಷ್ಟು ಮತ ಎಂಬ ಅಂತಿಮ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಬೂತ್ ಸಂಖ್ಯೆ ನೋಡಿ ಹೋಲಿಸಬೇಡಿ. ಒಂದು ಮತಗಟ್ಟೆಗೆ ಗರಿಷ್ಠ ಮತದಾರರ ಸಂಖ್ಯೆಯನ್ನು 2025ರಲ್ಲಿ 1500ರಿಂದ 1200ಕ್ಕೆ ಇಳಿಸಿರುವುದರಿಂದ ಹಲವು ಬೂತುಗಳು ಒಡೆದು ಸಂಖ್ಯೆಗಳು ಮುಂದೆ ಸರಿಯುತ್ತವೆ. ಶಾಲೆಯ ಹೆಸರು, ಭಾಗದ ಹೆಸರು ಹಿಡಿದು ಹೋಲಿಸಿ.

ಆಯ್ಕೆಯಲ್ಲಿ ಮೊದಲ ಸ್ಥಾನ ನಿಮ್ಮ ಮತ ಹೆಚ್ಚಿರುವ ಬೂತಿಗಲ್ಲ. ಅಲ್ಲಿ ಊರವರೇ ಕಣ್ಣಿಟ್ಟಿರುತ್ತಾರೆ. ಒಂದೇ ಗ್ರಾಮದ ಉಳಿದ ಬೂತುಗಳಿಗಿಂತ ಮತದಾನದ ಪ್ರಮಾಣ ತುಂಬ ಮೇಲಿರುವ ಬೂತು, ಮುಂಬೈಗೋ ಗಲ್ಫಿಗೋ ಹೋದವರ ಹೆಸರು ಪಟ್ಟಿಯಲ್ಲಿ ಜಾಸ್ತಿ ಉಳಿದಿರುವ ಬೂತು, ಹಿಂದಿನ ಸಲ ನಿಮ್ಮ ಕಡೆಯಿಂದ ಯಾರೂ ಕೂರದ ಬೂತು, ಇವು ಮೊದಲು.

ನೇಮಕದ ಕಾಗದ

ಒಬ್ಬ ಅಭ್ಯರ್ಥಿ ಒಂದು ಮತಗಟ್ಟೆಗೆ ಒಬ್ಬ ಏಜೆಂಟ್, ಇಬ್ಬರು ಬದಲಿ ಏಜೆಂಟರನ್ನು ನೇಮಿಸಬಹುದು. ಒಳಗೆ ಒಂದು ಹೊತ್ತಿಗೆ ಒಬ್ಬರೇ. ಏಜೆಂಟ್ ಅದೇ ಬೂತಿನ ಅಥವಾ ಪಕ್ಕದ ಬೂತಿನ ಮತದಾರರಾಗಿರಬೇಕು. ಅಂಥವರು ಸಿಗದಿದ್ದರೆ ಅದೇ ವಿಧಾನಸಭಾ ಕ್ಷೇತ್ರದ ಯಾವುದೇ ಮತದಾರ ಆಗಬಹುದು. ಮತದಾರರ ಗುರುತಿನ ಚೀಟಿ ಕೈಯಲ್ಲಿರಲಿ. ಸರಕಾರಿ ನೌಕರರನ್ನು ಕೂರಿಸಲೇಬೇಡಿ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಎ ಪ್ರಕಾರ ಅದು ಅಪರಾಧ, ಮೂರು ತಿಂಗಳವರೆಗೆ ಜೈಲಾಗಬಹುದು.

ನೇಮಕ ನಮೂನೆ 10ರಲ್ಲಿ. ಏಜೆಂಟರು ಬಾಗಿಲಲ್ಲೇ ವಾಪಸಾಗುವುದು ಹೆಚ್ಚಾಗಿ ಇದರಿಂದಲೇ. ಇದಕ್ಕೆ ಸಹಿ ಹಾಕಬೇಕಾದವರು ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ (ಇಡೀ ಕ್ಷೇತ್ರಕ್ಕೆ ಅಭ್ಯರ್ಥಿಯ ಪರವಾಗಿರುವ ಒಬ್ಬರು) ಮಾತ್ರ. ಬ್ಲಾಕ್ ಅಧ್ಯಕ್ಷರ ಸಹಿ ನಡೆಯದು. ಇವರಿಬ್ಬರ ಮಾದರಿ ಸಹಿ ಮತಗಟ್ಟೆಯ ಮುಖ್ಯಾಧಿಕಾರಿಯಾದ ಪ್ರಿಸೈಡಿಂಗ್ ಆಫೀಸರ್ ಬಳಿ ಇರುತ್ತದೆ, ಅವರು ತಾಳೆ ನೋಡುತ್ತಾರೆ. ಅಭ್ಯರ್ಥಿ ರಾತ್ರಿ ಹನ್ನೊಂದಕ್ಕೆ ಇನ್ನೂರು ನಮೂನೆಗೆ ಅವಸರದಲ್ಲಿ ಗೀಚಿದ ಸಹಿ ಹೊಂದದೆ ಹೋದೀತು. ನಾಲ್ಕು ದಿನ ಮೊದಲೇ ಹಾಕಿಸಿ. ನಿಮ್ಮ ಸಹಿಯ ಜಾಗವನ್ನು ಖಾಲಿ ಬಿಡಿ, ಅದನ್ನು ಪ್ರಿಸೈಡಿಂಗ್ ಆಫೀಸರ್ ಎದುರೇ ಹಾಕಬೇಕು.

ಮೊಬೈಲ್ ಒಳಗಿಲ್ಲ. ಸಾದಾ ಕೈಗಡಿಯಾರ, ಎರಡು ಪೆನ್ನು, ನೂರು ಪುಟದ ನೋಟ್‌ಬುಕ್, ಭಾಗದ ಮತದಾರರ ಪಟ್ಟಿ, ಕುಡಿಯುವ ನೀರು, ಎರಡು ರೂಪಾಯಿಯ ಐದಾರು ನಾಣ್ಯ. ನಾಣ್ಯ ಯಾಕೆಂದು ಮುಂದೆ ಬರುತ್ತದೆ. ಮತಗಟ್ಟೆಯೊಳಗೆ ತಂದ ಪಟ್ಟಿಯನ್ನು ಮತದಾನ ನಡೆಯುವಾಗ ಹೊರಗೆ ಕಳಿಸುವಂತಿಲ್ಲ. ಯಾರು ಮತ ಹಾಕಿದರೆಂದು ಚೀಟಿ ಬರೆದು ಕಿಟಕಿಯಿಂದ ದಾಟಿಸುವುದೂ ಕೂಡದು.

ಅಣಕು ಮತದಾನ: ಬೆಳಿಗ್ಗೆ ಐದಕ್ಕೇ ಅಲ್ಲಿರಿ

ಮತದಾನ ಏಳಕ್ಕೆ ಎಂದಾದರೆ, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ ಐದೂವರೆಗೆ. ಏಜೆಂಟರು ಬಾರದಿದ್ದರೆ ಹದಿನೈದು ನಿಮಿಷ ಕಾಯುತ್ತಾರೆ, ಆಮೇಲೆ ನೀವಿಲ್ಲದೆಯೇ ಮುಗಿಸುತ್ತಾರೆ. ಇಡೀ ದಿನದಲ್ಲಿ ಒಂದು ಗಂಟೆ ಮಾತ್ರ ಕೂರಲು ಸಾಧ್ಯ ಎನ್ನುವವರು ಈ ಗಂಟೆಯನ್ನೇ ಆರಿಸಿಕೊಳ್ಳಲಿ.

ಮೊದಲು ಮೂರು ಯಂತ್ರಗಳ ಸಂಖ್ಯೆ ಬರೆದುಕೊಳ್ಳಿ: ಕಂಟ್ರೋಲ್ ಯೂನಿಟ್ (ಅಧಿಕಾರಿಯ ಬಳಿ ಇದ್ದು ಮತದ ಲೆಕ್ಕವಿಡುವುದು), ಬ್ಯಾಲೆಟ್ ಯೂನಿಟ್ (ಮತದಾರರು ಗುಂಡಿ ಒತ್ತುವುದು), ವಿವಿಪ್ಯಾಟ್ (ಬಿದ್ದ ಮತದ ಚೀಟಿ ಮುದ್ರಿಸಿ ತೋರಿಸುವುದು). ಎರಡನೇ ರ‍್ಯಾಂಡಮೈಸೇಶನ್ (ಯಾವ ಯಂತ್ರ ಯಾವ ಬೂತಿಗೆ ಎಂದು ಚೀಟಿ ಎತ್ತಿದಂತೆ ಹಂಚುವುದು) ಆದ ಮೇಲೆ ಅಭ್ಯರ್ಥಿಗೆ ಕೊಟ್ಟ ಪಟ್ಟಿಯಲ್ಲಿ ನಿಮ್ಮ ಬೂತಿನ ಎದುರು ಇದೇ ಸಂಖ್ಯೆಗಳು ಇರಬೇಕು.

ಅಣಕು ಮತ ಕನಿಷ್ಠ 50, ನೋಟಾ ಸೇರಿ ಪ್ರತಿ ಗುಂಡಿಗೂ. ಒಂಬತ್ತು ಅಭ್ಯರ್ಥಿಗಳು ಮತ್ತು ನೋಟಾ ಇದ್ದರೆ ಐದೈದು ಹಾಕಿ ಮುಗಿಸಬಹುದು, ಆದರೆ ಎಲ್ಲರಿಗೂ ಒಂದೇ ಸಂಖ್ಯೆ ಹಾಕಿದರೆ ಎರಡು ಗುಂಡಿ ಅದಲು ಬದಲಾಗಿದ್ದರೂ ಗೊತ್ತಾಗುವುದಿಲ್ಲ. ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಏಳು, ಹೀಗೆ ಬೇರೆ ಬೇರೆ ಹಾಕಲು ಕೇಳಿ. ಯಾರಿಗೆ ಎಷ್ಟು ಬಿತ್ತೆಂದು ಗೆರೆ ಎಳೆದು ಲೆಕ್ಕವಿಡಿ. ಆಮೇಲೆ ಕ್ಲೋಸ್, ರಿಸಲ್ಟ್. ಯಂತ್ರದ ಫಲಿತಾಂಶ, ವಿವಿಪ್ಯಾಟ್ ಚೀಟಿಗಳ ಎಣಿಕೆ, ನಿಮ್ಮ ಗೆರೆಗಳು, ಮೂರೂ ಕೂಡಿ ಬರಬೇಕು.

ಆಮೇಲೆ ಬರುವುದು ಕ್ಲಿಯರ್ ಗುಂಡಿ. ಕಣ್ಣು ತೆಗೆಯಬೇಡಿ. ಕ್ಲಿಯರ್ ಒತ್ತಿದ ನಂತರ ಟೋಟಲ್ ಒತ್ತಿಸಿ ಸೊನ್ನೆ ಬಂತೇ ನೋಡಿ. ವಿವಿಪ್ಯಾಟ್‌ನ ಚೀಟಿ ಪೆಟ್ಟಿಗೆ ಖಾಲಿಯಾಯಿತೇ ಬಗ್ಗಿ ನೋಡಿ. ಇಲ್ಲಿ ತಪ್ಪಿದರೆ ಎಣಿಕೆಯ ದಿನ ಯಂತ್ರದಲ್ಲಿ ಸರಿಯಾಗಿ 50 ಮತ ಹೆಚ್ಚು ಕಾಣುತ್ತದೆ. ಅದು ಮೋಸವಲ್ಲ, ಅವಸರ. ಆದರೂ ಆ ಯಂತ್ರವನ್ನು ಬದಿಗಿಡುತ್ತಾರೆ, ಮತ್ತು ಗೆಲುವಿನ ಅಂತರ ಅಂಥ ಬೂತುಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಅದರ ಮತ ಎಣಿಕೆಗೇ ಬರುವುದಿಲ್ಲ. ಅಂತರ ಕಡಿಮೆಯಿದ್ದರೆ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ನಸುಕಿನಲ್ಲಿ ಒಬ್ಬರು "ಸಾರ್, ಸೊನ್ನೆ ತೋರಿಸಿ" ಎಂದಿದ್ದರೆ ಇಡೀ ಬೂತಿನ ಮತ ಉಳಿಯುತ್ತಿತ್ತು.

ಅಣಕು ಚೀಟಿಗಳ ಹಿಂದೆ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಕಾಗದದ ಸೀಲ್ ಅಂಟಿಸುತ್ತಾರೆ. ಕಂಟ್ರೋಲ್ ಯೂನಿಟ್‌ಗೆ ಹಸಿರು ಕಾಗದದ ಸೀಲ್. ಎರಡರ ಮೇಲೂ ಸಹಿ ಮಾಡಿ, ಸಂಖ್ಯೆ ಬರೆದುಕೊಳ್ಳಿ. ಅಣಕು ಮತದಾನದ ಪ್ರಮಾಣಪತ್ರಕ್ಕೆ ಎಲ್ಲ ನೋಡಿದ ಮೇಲೆಯೇ ಸಹಿ.

ಕರಾವಳಿಯ ಹಳೆ ಶಾಲೆಗಳ ಬಗ್ಗೆ ಒಂದು ಮಾತು. ಸೆಕೆಗೆಂದು ಎಲ್ಲ ಕಿಟಕಿ ತೆರೆದು, ಮೇಲೆ ದೊಡ್ಡ ಬಲ್ಬು ಹಾಕುತ್ತಾರೆ. ವಿವಿಪ್ಯಾಟ್ ಮೇಲೆ ನೇರ ಬೆಳಕು ಬಿದ್ದರೆ ಯಂತ್ರ ದೋಷ ತೋರಿಸುವುದುಂಟು. ಮೇಜನ್ನು ಗೋಡೆಯ ನೆರಳಿಗೆ ಸರಿಸಲು ಆಗಲೇ ಹೇಳಿ.

ಏಳರಿಂದ ಆರರವರೆಗೆ

ಪೋಲಿಂಗ್ ಆಫೀಸರ್ ಮತದಾರರ ಹೆಸರನ್ನು ಗಟ್ಟಿಯಾಗಿ ಓದಬೇಕು. ನೀವು ಕೇಳುವುದು ಹೆಸರನ್ನಲ್ಲ, ಕ್ರಮಸಂಖ್ಯೆಯನ್ನು. ನಮ್ಮ ಪಟ್ಟಿಗಳಲ್ಲಿ ಒಂದೇ ಭಾಗದಲ್ಲಿ ಮೂವರು ವಸಂತಿ ಪೂಜಾರ್ತಿ, ನಾಲ್ವರು ಲಾರೆನ್ಸ್ ಡಿಸೋಜ, ಇಬ್ಬರು ಅಬ್ದುಲ್ ರಹಿಮಾನ್ ಇರುವುದು ಸಾಮಾನ್ಯ. ಬೆಳಿಗ್ಗೆ ಒಂಬತ್ತರ ರಶ್ಶಿನಲ್ಲಿ 214ರ ವಸಂತಿ ಬಂದಾಗ 241ರ ವಸಂತಿಗೆ ಗೆರೆ ಬೀಳುತ್ತದೆ. ಮಧ್ಯಾಹ್ನ 241 ಬಂದಾಗ "ನಿಮ್ಮ ಮತ ಆಗಿದೆಯಲ್ಲ" ಎನ್ನುತ್ತಾರೆ, ಹೊರಗೆ ಕಳ್ಳಮತದ ಗುಲ್ಲೇಳುತ್ತದೆ. ಹಿಂದಿನ ರಾತ್ರಿಯೇ ಒಂದೇ ಹೆಸರಿನವರನ್ನೆಲ್ಲ ಗುರುತು ಮಾಡಿಕೊಂಡು, ತಂದೆ ಅಥವಾ ಗಂಡನ ಹೆಸರು ಮತ್ತು ಗುರುತಿನ ಚೀಟಿಯ ಕೊನೆಯ ಮೂರು ಅಂಕಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಅಂಥ ಹೆಸರು ಓದಿದಾಗ ಮಾತ್ರ ಬಾಯಿ ಬಿಟ್ಟರೆ ಸಾಕು. ಇದರಲ್ಲಿ ಎದುರು ಪಕ್ಷದ ಏಜೆಂಟರೂ ನಿಮ್ಮ ಜೊತೆಗೇ ಇರುತ್ತಾರೆ.

ಹಾಗೆ ಮತ ತಪ್ಪಿದವರನ್ನು ಮನೆಗೆ ಕಳಿಸಬೇಡಿ. ಗುರುತು ಸಾಬೀತಾದರೆ ಅವರಿಗೆ ಟೆಂಡರ್ ವೋಟ್ ಹಕ್ಕಿದೆ: ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ, ನಮೂನೆ 17ಬಿಯಲ್ಲಿ ಹೆಸರು ದಾಖಲಾಗುತ್ತದೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ, ಆದರೆ ಅಂತರ ತೀರ ಕಡಿಮೆಯಾಗಿ ವಿಷಯ ಕೋರ್ಟಿಗೆ ಹೋದರೆ ಅದೇ ಆಧಾರ.

ಬಂದವರು ಆ ವ್ಯಕ್ತಿಯಲ್ಲ ಎಂದು ಖಚಿತವಿದ್ದರೆ ಚಾಲೆಂಜ್ ಮಾಡಿ. ಅದಕ್ಕೆ ನಗದು ಎರಡು ರೂಪಾಯಿ. ಪ್ರಿಸೈಡಿಂಗ್ ಆಫೀಸರ್ ಅಲ್ಲೇ ವಿಚಾರಿಸುತ್ತಾರೆ. ಸಂಶಯ ಮಾತ್ರಕ್ಕೆ ಚಾಲೆಂಜ್ ಬೇಡ. ಮೂರು ಸಲ ಸುಳ್ಳಾದರೆ ನಾಲ್ಕನೆಯ ನಿಜವನ್ನು ಯಾರೂ ಕೇಳುವುದಿಲ್ಲ, ಸಾಲಿನಲ್ಲಿರುವವರು ನಿಮ್ಮ ನೆರೆಹೊರೆಯವರು ಬೇರೆ. ಗಲ್ಫಿನಲ್ಲಿರುವವರ ಹೆಸರು ಪಟ್ಟಿಯಲ್ಲಿದ್ದು, ಅವರೇ ಊರಿಗೆ ಬಂದು ಚೀಟಿ ತೋರಿಸಿದರೆ ಮತ ಹಾಕಬಹುದು. ಸಾಗರೋತ್ತರ ಮತದಾರರೆಂದೇ ನೋಂದಾಯಿಸಿಕೊಂಡವರಿಗೆ ಮಾತ್ರ ಮೂಲ ಪಾಸ್‌ಪೋರ್ಟ್ ಬೇಕು. ಗೈರುಹಾಜರು, ಸ್ಥಳಾಂತರ, ಮೃತ ಎಂಬ ಪಟ್ಟಿಯಲ್ಲಿರುವವರು ಬಂದರೆ ಪ್ರಿಸೈಡಿಂಗ್ ಆಫೀಸರ್ ಸ್ವತಃ ಗುರುತು ನೋಡಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ಪಡೆಯಬೇಕು. ಹೆಸರಿನೆದುರು ಪಿಬಿ ಎಂದಿದ್ದರೆ ಅಂಚೆ ಮತಪತ್ರ ಕೊಟ್ಟಾಗಿದೆ, ಯಂತ್ರದಲ್ಲಿ ಹಾಕುವಂತಿಲ್ಲ. 85 ದಾಟಿ ಮನೆಯಲ್ಲೇ ಮತ ಹಾಕಿದ ಅಜ್ಜ ಮರೆತು ಬೂತಿಗೂ ಬಂದರೆ ಮೆಲ್ಲಗೆ ತಿಳಿಸಿ ಕಳಿಸಿ. ಮುಖ ಮುಚ್ಚಿಕೊಂಡು ಬರುವ ಮಹಿಳೆಯರ ಗುರುತು ನೋಡುವುದು ಮಹಿಳಾ ಸಿಬ್ಬಂದಿಯ ಕೆಲಸ, ಏಜೆಂಟರದ್ದಲ್ಲ. ದೃಷ್ಟಿ ಇಲ್ಲದವರಿಗೆ ಸಹಾಯಕರಾಗಿ ಬಂದವರು ಆ ದಿನ ಒಬ್ಬರಿಗೆ ಮಾತ್ರ ಸಹಾಯಕರು. ಅದೇ ಮುಖ ಎರಡನೇ ಸಲ ಬಂದರೆ ತಕ್ಷಣ ಹೇಳಿ.

ಎರಡು ಗಂಟೆಗೊಮ್ಮೆ ಒಟ್ಟು ಮತ ಕೇಳಿ ಬರೆದುಕೊಳ್ಳಿ. ಮತದಾರರು ಸಹಿ ಹಾಕುವ 17ಎ ರಿಜಿಸ್ಟರ್‌ಗೂ ಯಂತ್ರದ ಟೋಟಲ್‌ಗೂ ಒಂದೆರಡರ ವ್ಯತ್ಯಾಸ ಕಂಡರೆ ಸಹಿ ಹಾಕಿ ಇನ್ನೂ ಗುಂಡಿ ಒತ್ತದವರದ್ದು, ಗಾಬರಿ ಬೇಡ. ಮಧ್ಯೆ ಕಂಟ್ರೋಲ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರನ್ನೂ ಬದಲಿಸಿ, ಪ್ರತಿ ಗುಂಡಿಗೆ ಒಂದರಂತೆ ಮತ್ತೆ ಅಣಕು ಮತ ಹಾಕಬೇಕು. ಕೆಟ್ಟದ್ದು ವಿವಿಪ್ಯಾಟ್ ಮಾತ್ರ ಎಂದಾದರೆ ಅದೊಂದನ್ನೇ ಬದಲಿಸುತ್ತಾರೆ. ಸಮಯ, ಆಗಿನ ಟೋಟಲ್, ಹೊಸ ಯಂತ್ರದ ಸಂಖ್ಯೆ ನೋಟ್‌ಬುಕ್ಕಿಗೆ.

ತಕರಾರಿದ್ದರೆ ಪ್ರಿಸೈಡಿಂಗ್ ಆಫೀಸರ್‌ಗೆ ಬರವಣಿಗೆಯಲ್ಲಿ, ಸಮಯ ಹಾಕಿ ಕೊಡಿ. ಮತದಾರರ ಜೊತೆ, ಎದುರು ಏಜೆಂಟರ ಜೊತೆ ವಾದಕ್ಕಿಳಿಯಬೇಡಿ. ಪ್ರಬಲ ಪಕ್ಷದ ಏಜೆಂಟ್ ನಾಳೆಯೂ ನಿಮ್ಮದೇ ಹಾಲಿನ ಡೈರಿಗೆ ಬರುವವರು.

17ಸಿ ಇಲ್ಲದೆ ಏಳಬೇಡಿ

ಆರು ಗಂಟೆಗೆ ಸಾಲಿನಲ್ಲಿರುವವರಿಗೆ ಚೀಟಿ ಹಂಚುವುದು ಕೊನೆಯವರಿಂದ ಶುರುವಾಗಿ ಮುಂದಕ್ಕೆ. ಅದು ಮುಗಿದು ಕ್ಲೋಸ್ ಗುಂಡಿ ಒತ್ತಿದ ಮೇಲೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕಪತ್ರವಾದ ನಮೂನೆ 17ಸಿ ತುಂಬುತ್ತಾರೆ. ಹಾಜರಿರುವ ಪ್ರತಿ ಏಜೆಂಟರಿಗೂ ಅದರ ದೃಢೀಕೃತ ಪ್ರತಿ ಕೊಡಬೇಕೆಂಬುದು 49ಎಸ್ ನಿಯಮ. ಗೆಲ್ಲುವ ಭರವಸೆ ಇಲ್ಲದ ಕಡೆಯವರು ಐದಕ್ಕೇ ಎದ್ದು ಹೋಗುವುದರಿಂದ ಬಹಳ ಬೂತುಗಳ ಪ್ರತಿ ಒಂದೇ ಪಕ್ಷದ ಕೈಯಲ್ಲಿ ಉಳಿಯುತ್ತದೆ. ಹನ್ನೆರಡು ಗಂಟೆ ಕೂತದ್ದರ ಫಲ ಈ ಒಂದು ಹಾಳೆ.

ಪಡೆಯುವ ಮೊದಲು ಲೆಕ್ಕ ನೋಡಿ. 17ಎಯಲ್ಲಿ ದಾಖಲಾದವರಲ್ಲಿ, ಮತ ಹಾಕುವುದಿಲ್ಲವೆಂದು ಹಿಂದೆ ಹೋದವರನ್ನೂ ನಿಯಮ ಮುರಿದದ್ದಕ್ಕೆ ಅವಕಾಶ ಸಿಗದವರನ್ನೂ ಕಳೆದರೆ ಯಂತ್ರದ ಟೋಟಲ್ ಬರಬೇಕು. 842 ಜನ ದಾಖಲಾಗಿ ಒಬ್ಬರು ಹಿಂದೆ ಹೋಗಿದ್ದರೆ ಯಂತ್ರದಲ್ಲಿ 841. ವಿವಿಪ್ಯಾಟ್ ಚೀಟಿ ತಪ್ಪು ಬಂತೆಂಬ ದೂರಿಗೆ ಹಾಕಿಸಿದ ಪರೀಕ್ಷಾ ಮತ ಇದ್ದರೆ ಅದರ ಸಂಖ್ಯೆ ಪ್ರತ್ಯೇಕವಾಗಿ ಬರೆದಿದೆಯೇ ನೋಡಿ. ಯಂತ್ರಗಳ ಸಂಖ್ಯೆ, ಕಾಗದದ ಸೀಲ್‌ಗಳ ಲೆಕ್ಕ ನಿಮ್ಮ ಬೆಳಗಿನ ಬರಹಕ್ಕೆ ಹೊಂದಬೇಕು. ಕಾರ್ಬನ್ನಿನಲ್ಲಿ 1 ಮತ್ತು 7 ಒಂದೇ ಥರ ಕಂಡರೆ ಅಲ್ಲೇ ತಿದ್ದಿಸಿ ಸಹಿ ಹಾಕಿಸಿ. ಹೊರಬಂದ ಕೂಡಲೇ ಫೋಟೋ ತೆಗೆದು ಚುನಾವಣಾ ಏಜೆಂಟರಿಗೆ ಕಳಿಸಿ, ಮೂಲ ಹಾಳೆಯನ್ನು ಅದೇ ರಾತ್ರಿ ತಲುಪಿಸಿ.

ಎಣಿಕೆ ಮೇಜಿಗೆ

ಎಣಿಕೆ ಏಜೆಂಟರ ನೇಮಕ ನಮೂನೆ 18ರಲ್ಲಿ, ಫೋಟೋ ಸಹಿತ, ಎಣಿಕೆಗೆ ಮೂರು ದಿನ ಮೊದಲು ಸಂಜೆ ಐದರೊಳಗೆ ಕೊಡಬೇಕು. ಸಾಮಾನ್ಯವಾಗಿ ಮೇಜು 14. ಹದಿನಾಲ್ಕಿದ್ದರೆ ಒಂದನೇ ಮೇಜಿಗೆ 1, 15, 29ನೇ ಬೂತುಗಳು ಬರುತ್ತವೆ, ಎರಡನೆಯದಕ್ಕೆ 2, 16, 30. 17ಸಿ ಹಾಳೆಗಳನ್ನು ಇದೇ ಕ್ರಮದಲ್ಲಿ ಮೇಜುವಾರು ಕಟ್ಟಿಡಿ. 220 ಬೂತಿಗೆ 16 ಸುತ್ತು. ಕಂಟ್ರೋಲ್ ಯೂನಿಟ್ ಮೇಜಿಗೆ ಬಂದೊಡನೆ ಅದರ ಸಂಖ್ಯೆ, ಹಸಿರು ಸೀಲಿನ ಸಂಖ್ಯೆ, ಆಮೇಲೆ ಟೋಟಲ್, ಈ ಕ್ರಮದಲ್ಲಿ ತಾಳೆ ನೋಡಿ. ಒಂದು ಹೊಂದದಿದ್ದರೂ ರಿಸಲ್ಟ್ ಒತ್ತುವ ಮೊದಲೇ ಹೇಳಬೇಕು.

ಕ್ಷೇತ್ರಕ್ಕೆ ಐದು ಬೂತುಗಳ ವಿವಿಪ್ಯಾಟ್ ಚೀಟಿಗಳನ್ನು ಚೀಟಿ ಎತ್ತಿ ಆರಿಸಿ ಎಣಿಸುವುದು 2019ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು. ಅಷ್ಟು ಹೊತ್ತಿಗೆ ಸೋತ ಕಡೆಯವರು ಹೊರಟುಹೋಗಿರುತ್ತಾರೆ. ಒಬ್ಬರಾದರೂ ಉಳಿಯಿರಿ. ಮರು ಎಣಿಕೆ ಬೇಕಿದ್ದರೆ ಒಟ್ಟು ಮತ ಘೋಷಿಸಿದ ಮೇಲೆ, ಚುನಾವಣಾಧಿಕಾರಿ ನಮೂನೆ 20ಕ್ಕೆ ಸಹಿ ಹಾಕುವ ಮೊದಲು, ಕಾರಣ ಸಹಿತ ಬರೆದು ಕೇಳಬೇಕು. "ಅಂತರ ಕಡಿಮೆ" ಎಂಬುದು ಒಂದೇ ಕಾರಣವಾದರೆ ಸಾಲದು, ಯಾವ ಬೂತು, ಯಾವ ಸಂಖ್ಯೆ ಎಂದಿರಬೇಕು. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು ಫಲಿತಾಂಶದಿಂದ 45 ದಿನ ಇರುತ್ತದೆ. ಅಷ್ಟು ದಿನವೂ 17ಸಿ ಮೂಲ ಪ್ರತಿಗಳು, ಬೂತ್ ನೋಟ್‌ಬುಕ್ಕುಗಳು ಒಂದೇ ಕಡೆ, ಬೂತ್ ಸಂಖ್ಯೆಯ ಕ್ರಮದಲ್ಲಿ ಇರಲಿ.